ಟಾಲ್ವೀನ್ ಅಕ್ಕ

"ಎಡಕ್ಕೆ ಎಳೀರಿ, ಇನ್ನೂ ಎಡಕ್ಕೆ... ಸಾಕು, ಸಾಕು! ಈಗ ನೇರ ಮಾಡ್ಕೊಳ್ಳಿ."

ಕಿರಿದಾದ ಓಣಿಯೊಳಗೆ ಹಿಂದುಹಿಂದಕ್ಕೆ ಬರುತ್ತಿದ್ದ ಶವದ ವ್ಯಾನಿಗೆ ದಾರಿ ತೋರಿಸುತ್ತಿದ್ದವರು ಮನೆಯೊಳಗೆ ಕೊನೆಯ ನಿದ್ದೆಯಲ್ಲಿ ಮಲಗಿದ್ದವಳ ಗಂಡನೇ. ಜೀವಮಾನವೆಲ್ಲ ಊರಿನ ಬಸ್ಸು ಓಡಿಸಿದ ಮನುಷ್ಯ. ಯಾರೋ ಗಾಡಿಯನ್ನು ಅಡ್ಡಾದಿಡ್ಡಿ ತರುವ ಸದ್ದು ಕೇಳುತ್ತಲೇ ಹೆಂಡತಿಯ ತಲೆಯ ಪಕ್ಕದಿಂದ ಎದ್ದು ಬರಿಗಾಲಲ್ಲಿ ಹೊರಗೆ ಬಂದಿದ್ದರು.

"ಅಪ್ಪಾ, ಒಳಗೆ ಬನ್ನಿ. ಅದನ್ನ ಬೇರೆಯವರು ನೋಡ್ಕೋತಾರೆ," ಮಗಳು ಬಾಗಿಲಿಂದ ಕರೆದಳು.

"ಯಾರು ನೋಡ್ಕೋತಾರೆ? ಆ ಕಂಬಕ್ಕೆ ಉಜ್ಜಿದ್ರೆ ಆಮೇಲೆ?"

ವ್ಯಾನಿನ ಇನ್ನೊಂದು ಬದಿಯಲ್ಲಿ ಅವರ ಹಳೆಯ ಕಂಡಕ್ಟರ್ ನಿಂತಿದ್ದರು. ಗಾಡಿ ಬಾಗಿಲಿಗೆ ಸರಿಯಾಗಿ ಬಂದಾಗ ಅವರು ಅಭ್ಯಾಸಬಲದಿಂದ ತಗಡಿಗೆ ಒಂದು ಸಲ ಬಡಿದರು. ವ್ಯಾನ್ ನಿಂತಿತು.

ವ್ಯಾನಿನವನು ಇಳಿದು ಮೆಲ್ಲಗೆ ಕೇಳಿದ: "ಹೆಗಲು ಕೊಡೋಕೆ ಜನ ಇದ್ದಾರಾ ಯಜಮಾನ್ರೇ? ಮೆಟ್ಟಿಲು ಇಕ್ಕಟ್ಟಾಗಿದೆ."

ಡ್ರೈವರ್ ಮೆಟ್ಟಿಲಿನ ಕಡೆ ನೋಡಿದರು. ಹೆಂಡತಿ ಒಬ್ಬಳೇ ಮಗಳಾಗಿ ಬೆಳೆದವಳು. ಅಣ್ಣತಮ್ಮಂದಿರು ಇಲ್ಲ. ಇವರ ಕಡೆಯವರೆಂದರೆ ಮಂಡಿ ನೋವಿನ ಒಬ್ಬ ಚಿಕ್ಕಪ್ಪ. ಅಳಿಯ ದೂರದಿಂದ ಹೊರಟಿದ್ದಾನೆ, ತಲುಪುವುದು ಸಂಜೆಗೆ. ಮಹಡಿಯ ಮನೆಯಿಂದ ಅವಳನ್ನು ಇಳಿಸುವುದು ಹೇಗೆ ಎಂದು ಅವರು ಬೆಳಗಿನಿಂದ ಲೆಕ್ಕ ಹಾಕುತ್ತಲೇ ಇದ್ದರು. ಎಷ್ಟು ಹಾಕಿದರೂ ಒಂದು ಹೆಗಲು ಕಡಿಮೆ ಬೀಳುತ್ತಿತ್ತು.

ಆಗ ಓಣಿಯ ತುದಿಯಲ್ಲಿ ಒಬ್ಬರು ಕಾಣಿಸಿಕೊಂಡರು. ಕೈಯಲ್ಲಿ ಬಿಳಿ ಹೂವಿನ ಕಟ್ಟು. ಮನೆ ನಂಬರುಗಳನ್ನು ನೋಡುತ್ತಾ ಬಂದು, "ಟಾಲ್ವೀನ್ ಅಕ್ಕನ ಮನೆ ಇದೇನಾ?" ಎಂದರು. ಅವರ ಹಿಂದೆ ಇನ್ನಿಬ್ಬರು. ಅವರ ಹಿಂದೆ ಕಾರಿನಿಂದ ಇಳಿಯುತ್ತಿದ್ದ ದಪ್ಪನೆಯ ಮನುಷ್ಯ.

"ನೀವು ಯಾರು ಅಂತ..." ಡ್ರೈವರ್ ತಡವರಿಸಿದರು.

"ನೀವೇ ಅಲ್ವಾ ಭಾವ?" ಎಂದು ಹೂವಿನವರು ಅವರ ಎರಡೂ ಕೈ ಹಿಡಿದುಕೊಂಡರು. "ನಂದು ಶೂ ಕಾರ್ಖಾನೆ. ದಿನಾ ಬೆಳಿಗ್ಗೆ ಅಕ್ಕನ ಹತ್ರ ಮಾತಾಡ್ತಿದ್ದೆ. ಮುಖ ನೋಡಿದ್ದು ಒಂದೇ ಸಲ."

ಮದುವೆಯಾದಾಗಿನಿಂದ ಅವರನ್ನು ಭಾವ ಎಂದು ಕರೆದವರು ಯಾರೂ ಇರಲಿಲ್ಲ. ಡ್ರೈವರ್ "ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ, ಮೆಟ್ಟಿಲು ಜಾರುತ್ತೆ," ಎಂದರು.

*

ಟಾಲ್ವೀನ್ ಎಂದರೆ ನೀರಿನಷ್ಟು ತಿಳಿಯಾದ, ಮೂಗಿಗೆ ಚುರುಕ್ಕೆಂದು ಹತ್ತುವ ಒಂದು ದ್ರಾವಕ. ಗೋಂದು, ಬಣ್ಣ, ಶಾಯಿ ತೆಳುವಾಗಲು ಅದು ಬೇಕು. ಅವಳು ಮದುವೆಗೆ ಮುಂಚೆ ಅದನ್ನು ತರಿಸಿ ಮಾರುವ ಗೋದಾಮಿನ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸಕ್ಕಿದ್ದಳು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಆದರೆ ಕೊಳ್ಳುವವರು ಅವಳನ್ನು ಬಿಡಲಿಲ್ಲ. ಮನೆಗೇ ಫೋನ್ ಮಾಡಿ, "ಅಕ್ಕಾ, ಇವತ್ತು ತಗೊಳ್ಳಲಾ, ತಡೀಲಾ?" ಎಂದು ಕೇಳತೊಡಗಿದರು. ಹಾಗೆ ಅಡುಗೆಮನೆಯ ಮೇಜಿನ ಮೇಲೆ ಅವಳ ದಲ್ಲಾಳಿ ಕೆಲಸ ಶುರುವಾಯಿತು.

ಅದರ ಬೆಲೆ ಇವತ್ತಿದ್ದ ಹಾಗೆ ನಾಳೆ ಇರುತ್ತಿರಲಿಲ್ಲ. ಕಚ್ಚಾ ಎಣ್ಣೆ ಏರಿದರೆ ಏರುತ್ತಿತ್ತು. ಎಲ್ಲೋ ಸಮುದ್ರದಲ್ಲಿ ಹಡಗು ತಡವಾದರೆ ಏರುತ್ತಿತ್ತು. ಬೇಸಿಗೆಯಲ್ಲಿ ಜನ ಕಾರು ಹತ್ತಿ ಊರೂರು ಸುತ್ತಿದರೆ ಪೆಟ್ರೋಲಿನವರು ಬೆರೆಸಲು ಇದನ್ನೂ ಎಳೆದುಕೊಳ್ಳುತ್ತಾರಂತೆ, ಆಗಲೂ ಏರುತ್ತಿತ್ತು.

"ಹಾಗಾದ್ರೆ ನಾನು ಬಸ್ ಓಡಿಸಿದ್ರೂ ಏರುತ್ತಾ?" ಎಂದು ಒಮ್ಮೆ ಡ್ರೈವರ್ ಕೇಳಿದ್ದರು.

"ನಿಮ್ಮದು ಡೀಸೆಲ್. ಸುಮ್ನೆ ಊಟ ಮಾಡಿ," ಎಂದಿದ್ದಳು.

ದರ ಏರುತ್ತಿದ್ದರೆ 'ಬಿಗಿ', ಇಳಿಯುತ್ತಿದ್ದರೆ 'ಸಡಿಲ' ಎನ್ನುವ ಮಾರುಕಟ್ಟೆಯ ಮಾತು ಮೆಲ್ಲಗೆ ಮನೆಯ ಮಾತೂ ಆಯಿತು. ಮಗಳಿಗೆ ಜ್ವರ ಬಂದರೆ, "ಈಗ ಬಿಗಿ ಇದೆ, ಸಂಜೆ ಹೊತ್ತಿಗೆ ಸಡಿಲ ಆಗುತ್ತೆ," ಎನ್ನುವಳು. ಡ್ರೈವರ್ ಮುಖ ಗಂಟಿಕ್ಕಿಕೊಂಡು ಬಂದ ದಿನ ಮಗಳಿಗೆ ಕಣ್ಣು ಮಿಟುಕಿಸಿ, "ಇವತ್ತು ನಿಮ್ಮಪ್ಪನ ಮಾರುಕಟ್ಟೆ ಚೆನ್ನಾಗಿಲ್ಲ. ಏನೂ ಕೇಳೋಕೆ ಹೋಗ್ಬೇಡ," ಎನ್ನುವಳು. ಅವಳ ಅಂದಾಜು ತಪ್ಪಿದ್ದು ಕಡಿಮೆ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಹೇಳಿಬಿಡುತ್ತಿದ್ದಳು. ಜನ ನಂಬಿದ್ದು ಬಹುಶಃ ಅದಕ್ಕೇ.

*

ಮನೆ ತುಂಬಿಹೋಯಿತು. ಬಂದವರೆಲ್ಲ ಒಂದೊಂದು ಗಳಿಗೆ ಅವಳ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಇಷ್ಟು ವರ್ಷ ಕಿವಿಯಲ್ಲಿದ್ದ ದನಿಯನ್ನು ಈ ಮುಖಕ್ಕೆ ಹೊಂದಿಸಿಕೊಳ್ಳುತ್ತಿರುವ ಹಾಗೆ.

"ನಾನು ಎತ್ತರ ಇರ್ತಾರೆ ಅಂದ್ಕೊಂಡಿದ್ದೆ," ಎಂದು ಬಣ್ಣದ ಕಾರ್ಖಾನೆಯ ದಪ್ಪನೆಯ ಮನುಷ್ಯ ಪಿಸುಗುಟ್ಟಿದ. "ಗದರಿಸೋವಾಗ ಹಾಗನ್ನಿಸ್ತಿತ್ತು."

ಮಗಳಿಗೆ ಅಳುವಿನ ನಡುವೆಯೂ ನಗು ಬಂತು.

ಇಳಿಸುವ ಹೊತ್ತಿಗೆ ಹೆಗಲುಗಳಿಗೆ ಪೈಪೋಟಿಯೇ ನಡೆಯಿತು. "ಭಾವ, ನೀವು ಮುಂದೆ ನಡೀರಿ, ನಾವಿದ್ದೀವಿ," ಎಂದು ಯಾರೋ ಅವರನ್ನು ಪಕ್ಕಕ್ಕೆ ಸರಿಸಿದರು. ಮಂಡಿ ನೋವಿನ ಚಿಕ್ಕಪ್ಪನಿಗೆ ಜಾಗವೇ ಸಿಗಲಿಲ್ಲ. ಡ್ರೈವರ್ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ನಿಂತು, "ಸ್ವಲ್ಪ ಎತ್ತಿ... ಗೋಡೆ ನೋಡ್ಕೊಳ್ಳಿ... ನಿಧಾನ," ಎನ್ನುತ್ತಿದ್ದರು. ಅವಳು ಎಲ್ಲಿಯೂ ತಾಗದೆ ಇಳಿದಳು.

ಇಷ್ಟೆಲ್ಲ ಆದರೂ ಅವರ ಎದೆಯೊಳಗೆ ಒಂದು ಮುಳ್ಳು ಆಡುತ್ತಲೇ ಇತ್ತು. ಇವತ್ತು ಇಷ್ಟು ಜನ ಬಂದಿದ್ದಾರೆ. ಆಗ ಇವರೆಲ್ಲ ಎಲ್ಲಿದ್ದರು?

*

ಡ್ರೈವರ್ ನಿವೃತ್ತರಾದ ಮೇಲೆ ಮೊದಲ ಸಲ ಬೆಳಗಿನ ಹೊತ್ತು ಮನೆಯಲ್ಲಿ ಕೂತರು. ಕೂತು ನೋಡಿದರೆ ಫೋನೇ ಬರುತ್ತಿರಲಿಲ್ಲ. ಅವಳು ಎಂದಿನಂತೆ ತಲೆ ಬಾಚಿಕೊಂಡು, ಕನ್ನಡಕ ಹಾಕಿಕೊಂಡು, ಮೇಜಿನ ಮುಂದೆ ಕೂರುವಳು. ಎಲ್ಲೆಲ್ಲಿಯದೋ ದರ ಓದುವಳು. ಒಂದೋ ಎರಡೋ ಫೋನು ಬಂದರೆ ಹೆಚ್ಚು. ಆಮೇಲೆ ಎದ್ದು ತರಕಾರಿ ಹೆಚ್ಚುವಳು.

"ಯಾಕೆ, ವ್ಯಾಪಾರ ಬಿದ್ದೋಯ್ತಾ?" ಎಂದು ಕೇಳಿದರು.

"ಕಾಲ ಬದಲಾಗ್ತಿದೆ. ಬೇಡಿಕೆ ಇಳೀತಿದೆ," ಎಂದಳು. ಅಷ್ಟೇ.

ಡ್ರೈವರಿಗೆ ಅನ್ನ ಇಳಿಯಲಿಲ್ಲ. ಹೆಂಡತಿಯನ್ನು ಜನ ಕರಿಬೇವಿನ ಹಾಗೆ ಎತ್ತಿ ಪಕ್ಕಕ್ಕಿಟ್ಟಿದ್ದಾರೆ ಎನ್ನಿಸಿತು. ಕೊನೆಗೆ ಕಂಡಕ್ಟರನ್ನು ಟೀ ಅಂಗಡಿಗೆ ಕರೆದು ಬೇಡಿಕೊಂಡರು: "ವಾರಕ್ಕೊಂದು ಸಲ ಫೋನ್ ಮಾಡಯ್ಯಾ. ದನಿ ಬದಲಾಯಿಸ್ಕೊಂಡು, ಬಣ್ಣದ ಕಾರ್ಖಾನೆಯವನು ಅನ್ನು. ದರ ಕೇಳು. ಅವಳಿಗೆ ಖುಷಿಯಾಗ್ಲಿ."

"ನಂಗೇನು ಗೊತ್ತು ಅದರ ವಿಷಯ?"

"ಬಿಗಿ ಇದೆಯಾ, ಸಡಿಲ ಇದೆಯಾ ಅಂತ ಕೇಳು. ಉಳಿದಿದ್ದೆಲ್ಲ ಅವಳೇ ಮಾತಾಡ್ತಾಳೆ."

ಹಾಗೇ ಆಯಿತು. ಬುಧವಾರ ಬೆಳಿಗ್ಗೆ ಫೋನು ಬರುವುದು. ಅವಳು ಬಾಗಿಲು ಅರೆ ಮುಚ್ಚಿ ತುಂಬ ಹೊತ್ತು ಮಾತಾಡುವಳು, ನಗುವಳು. ಡ್ರೈವರ್ ಪಕ್ಕದ ಕೋಣೆಯಲ್ಲಿ ಪತ್ರಿಕೆ ತಲೆಕೆಳಗಾಗಿ ಹಿಡಿದುಕೊಂಡು ಕೂತಿರುವರು. "ಯಾರದು ಫೋನು?" ಎಂದರೆ, "ಹೊಸ ಗಿರಾಕಿ. ಪಾಪ, ಒಳ್ಳೆಯವರು," ಎನ್ನುವಳು.

*

ವ್ಯಾನಿನಲ್ಲಿ ಅವಳ ಒಂದು ಬದಿಗೆ ಡ್ರೈವರ್ ಮತ್ತು ಮಗಳು, ಎದುರಿಗೆ ಕಂಡಕ್ಟರ್ ಕೂತರು. ವ್ಯಾನ್ ಊರು ದಾಟಿತು. ಕಂಡಕ್ಟರ್ ಟವೆಲನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದರು.

"ಡ್ರೈವರೇ, ಒಂದು ಮಾತು ಹೇಳ್ಬೇಕು. ಅತ್ತಿಗೆ ಮುಂದೇನೇ ಹೇಳ್ಬಿಡ್ತೀನಿ. ಅವರಿಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಬುಧವಾರದ ಗಿರಾಕಿ ನಾನೇ ಅಂತ. ಮೊದಲನೇ ದಿನವೇ."

"ನೀನೇ ಬಾಯಿ ಬಿಟ್ಯಾ?"

"ಬೇಕಂತ ಅಲ್ಲ. ಎಲ್ಲಾ ಚೆನ್ನಾಗೇ ಹೇಳ್ದೆ. ಫೋನ್ ಇಡೋವಾಗ ಬಾಯಿ ತಪ್ಪಿ 'ರೈಟ್ ರೈಟ್' ಅಂದ್ಬಿಟ್ಟೆ. ಆ ಕಡೆಯಿಂದ ನಗು. 'ಕಂಡಕ್ಟರಣ್ಣ, ನಿಮ್ಮ ಕಾರ್ಖಾನೆಯಲ್ಲಿ ಎಷ್ಟು ಸೀಟು?' ಅಂದ್ರು."

ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಮತ್ತೆ ಇಷ್ಟು ವರ್ಷ ಯಾಕಯ್ಯಾ ಫೋನ್ ಮಾಡ್ದೆ?" ಡ್ರೈವರ್ ಕೇಳಿದರು.

"ಅವರೇ ನಿಲ್ಲಿಸ್ಬೇಡಿ ಅಂದ್ರು. 'ಕೆಲಸ ಬಿಟ್ಟ ಮೇಲೆ ಅವರು ಮಂಕಾಗಿದ್ದಾರೆ. ನಿಮ್ಮ ಫೋನ್ ಬಂದ ದಿನ ಎರಡು ತುತ್ತು ಜಾಸ್ತಿ ತಿಂತಾರೆ. ಹೆಂಡತಿಗೋಸ್ಕರ ಏನೋ ಮಾಡ್ತಿದ್ದೀನಿ ಅನ್ನೋ ಖುಷಿ ಅವರಿಗಿರಲಿ' ಅಂದ್ರು."

"ಹಾಗಾದ್ರೆ ಅಷ್ಟು ಹೊತ್ತು ಏನು ಮಾತಾಡ್ತಿದ್ರಿ?"

"ನಿಮ್ಮ ವಿಷಯನೇ. ಮಾತ್ರೆ ತಗೊಂಡ್ರಾ, ವಾಕಿಂಗ್ ಹೋದ್ರಾ, ಯಾರ ಹತ್ರ ಜಗಳ ಆಡಿದ್ರು. ದರ ಒಂದು ದಿನವೂ ಕೇಳಿಲ್ಲ ನಾನು."

ಡ್ರೈವರ್ ಹೆಂಡತಿಯ ಕಡೆ ತಿರುಗಿದರು. ಗಾಡಿಯ ಕುಲುಕಿಗೆ ಅವಳ ತಲೆ ಒಂಚೂರು ವಾಲಿತ್ತು. ಅದನ್ನು ನೆಟ್ಟಗೆ ಮಾಡಿ ಅಂಗೈ ಅಲ್ಲೇ ಇಟ್ಟರು. "ಕಳ್ಳಿ," ಎಂದರು. ಅವರ ಭುಜ ಕುಣಿಯಿತು. ಅದು ನಗುವೋ ಅಳುವೋ ಎದುರಿಗಿದ್ದವರಿಗೆ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ.

*

ಸ್ಮಶಾನದಲ್ಲಿ ಎಲ್ಲ ಮುಗಿದ ಮೇಲೆ ವ್ಯಾನ್ ಬೇರೆ ಕಡೆ ಹೋಗಬೇಕಿತ್ತು. ಶೂ ಕಾರ್ಖಾನೆಯವರು ತಮ್ಮ ಸರಕಿನ ಗಾಡಿಯಲ್ಲಿ ಅವರನ್ನು ಮನೆಗೆ ಬಿಡುತ್ತೇನೆಂದರು. ಹತ್ತುವ ಮುಂಚೆ ಡ್ರೈವರ್ ಅಷ್ಟು ಹೊತ್ತು ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟರು.

"ನೀವೆಲ್ಲ ಇಷ್ಟು ಪ್ರೀತಿ ಇಟ್ಕೊಂಡಿದ್ರಿ. ಮತ್ತೆ ಯಾಕೆ ಅವಳಿಗೆ ಫೋನ್ ಮಾಡೋದು ಬಿಟ್ರಿ? ಅವಳು ಆ ಮೇಜಿನ ಮುಂದೆ ಕೂತಿರ್ತಿದ್ದಳು. ನಾನು ನೋಡಿದ್ದೀನಿ."

ಶೂ ಕಾರ್ಖಾನೆಯವರು ಬೆಚ್ಚಿದರು. "ಅಕ್ಕ ನಿಮಗೆ ಹೇಳಿಲ್ವಾ ಭಾವ?"

"ಏನನ್ನ?"

"ಬಿಡಿಸಿದ್ದೇ ಅವರು! ಒಂದು ದಿನ ನಾನು ಮಾತಿಗೆ ಅಂದೆ, 'ಅಕ್ಕಾ, ಈ ವಾರ ಡ್ರಮ್ ಬೇಡ, ಗೋಂದು ಹಚ್ಚೋ ಇಬ್ಬರು ಹೆಂಗಸರು ತಲೆ ಸುತ್ತಿ ಬಿದ್ದಿದ್ದಾರೆ, ಕೆಲಸ ನಿಂತಿದೆ' ಅಂತ. ಅವರು ಏನೂ ಅನ್ನಲಿಲ್ಲ. ಮಾರನೇ ದಿನ ಬಸ್ ಹತ್ತಿ ನನ್ನ ಕಾರ್ಖಾನೆಗೇ ಬಂದ್ರು. ಅದೇ ನಾನು ಮುಖ ನೋಡಿದ್ದು. ಮಧ್ಯಾಹ್ನ ಪೂರ್ತಿ ಆ ಹೆಂಗಸರ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತ್ರು. ಟಾಲ್ವೀನ್ ಘಾಟಿಗೆ ಹೊರಗೆ ಬಂದು ವಾಂತಿ ಮಾಡ್ಕೊಂಡ್ರು."

ಡ್ರೈವರಿಗೆ ಆ ದಿನ ನೆನಪಿತ್ತು. ತಲೆನೋವೆಂದು ದೀಪ ಆರಿಸಿ ಮಲಗಿದ್ದಳು. ಬಿಸಿಲಿಗೆ ಎಂದಿದ್ದಳು.

"ಅದಾದ ಮೇಲೆ ನೀರಲ್ಲಿ ಕಲಸೋ ಗೋಂದು ಯಾರು ಮಾಡ್ತಾರೆ ಅಂತ ಹುಡುಕಿ ಕೊಟ್ರು. ನಾನು ಒಪ್ಪಲಿಲ್ಲ. ಒಣಗೋದು ತಡ, ಮೆಷಿನ್ ಬದಲಾಯಿಸ್ಬೇಕು. ಆಗ ಅಕ್ಕ ಅಂದ್ರು, 'ನೋಡಿ, ಟಾಲ್ವೀನ್ ಈ ವರ್ಷ ಆಕಾಶಕ್ಕೆ ಹೋಗುತ್ತೆ. ಬೇಗ ಬಿಟ್ಟವರು ಬದುಕ್ತಾರೆ.' ನನಗೆ ಮಾತ್ರ ಅಲ್ಲ, ಗೋಂದಿನವರು, ಬಣ್ಣದವರು, ಎಲ್ಲರಿಗೂ ಹೀಗೇ. ಅವರ ಅಂದಾಜು ಅಂದ್ರೆ ಯಾರು ಎದುರಾಡ್ತಾರೆ? ಬದಲಾಯಿಸ್ಕೊಂಡ್ವಿ."

"ಆಕಾಶಕ್ಕೆ ಹೋಯ್ತಾ?" ಮಗಳು ಕೇಳಿದಳು.

"ಎಲ್ಲಿ ಹೋಗುತ್ತಮ್ಮ! ದಬಾರ್ ಅಂತ ಬಿತ್ತು. ನಾನು ಸಿಟ್ಟಲ್ಲಿ ಫೋನ್ ಮಾಡಿ, 'ಅಕ್ಕಾ, ಇಳೀತಲ್ಲ!' ಅಂದೆ. 'ಇಳೀಲಿ ಬಿಡಿ. ಹೆಂಗಸರಿಗೆ ತಲೆ ಸುತ್ತೋದು ಇಳೀತಾ, ಅದನ್ನ ಹೇಳಿ' ಅಂದ್ರು." ಅವರು ಕಣ್ಣೊರೆಸಿಕೊಂಡರು. "ಸುಳ್ಳು ದರ ಹೇಳಿದ್ದು ಅದೊಂದೇ ಸಲ ಭಾವ. ಗೊತ್ತಿದ್ದೇ ಹೇಳಿದ್ದು. ನಾವೂ ಆಮೇಲೆ ಮುಖ ಇಲ್ಲದವರ ಹಾಗೆ ಸುಮ್ಮನಾದ್ವಿ. ಕೊಳ್ಳೋದು ಏನೂ ಇಲ್ಲದೆ ಸುಮ್ನೆ ಹೇಗೆ ಫೋನ್ ಮಾಡೋದು ಅಂತ. ಮಾಡಬಹುದಿತ್ತು, ಅಲ್ವಾ?"

"ಮಾಡಬಹುದಿತ್ತು," ಎಂದರು ಡ್ರೈವರ್. ದನಿಯಲ್ಲಿ ಆಗ ಸಿಟ್ಟಿರಲಿಲ್ಲ.

ಕಾರ್ಖಾನೆ ದಾರಿಯಲ್ಲೇ ಇತ್ತು. ನಾಳೆಗೆ ಸರಕು ಕಳಿಸಬೇಕಿದ್ದುದರಿಂದ ಹೆಂಗಸರಿಗೆ ಬರಲಾಗಿರಲಿಲ್ಲ. ಭಾವನನ್ನು ಒಂದು ಗಳಿಗೆ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದರು. ಡ್ರೈವರ್ ಮಗಳ ಕೈ ಹಿಡಿದು ಒಳಗೆ ಹೋದರು.

ಉದ್ದನೆಯ ಕೋಣೆ, ಮೂಗಿಗೆ ಹತ್ತುವ ಘಾಟಿಲ್ಲ. ಎರಡು ಸಾಲು ಮೇಜು. ಮೇಜಿನ ಮೇಲೆ ಜೋಡಿ ಜೋಡಿ ಅಟ್ಟೆಗಳು, ನಡುನಡುವೆ ಹಾಲಿನಂತೆ ಬೆಳ್ಳಗಿದ್ದ ಗೋಂದಿನ ಬೋಗುಣಿಗಳು. ಹೆಂಗಸರು ಕುಂಚ ಕೆಳಗಿಟ್ಟು ಎದ್ದು ನಿಂತರು. ಒಬ್ಬಳು ಮಾತ್ರ ಏಳಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಕ್ಷಮಿಸಿ ಎನ್ನುವಂತೆ ತನ್ನ ಕಾಲಬುಡ ತೋರಿಸಿದಳು. ಶೂ ತುಂಬುವ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ, ಮೆತ್ತನೆಯ ಬಟ್ಟೆಯ ಮೇಲೆ, ಅವಳ ಕೂಸು ಮಲಗಿತ್ತು. ತಾಯಿ ಪಾದದಿಂದ ಪೆಟ್ಟಿಗೆಯನ್ನು ಮೆಲ್ಲಗೆ ತೂಗುತ್ತಿದ್ದಳು.

ಡ್ರೈವರ್ ಬಗ್ಗಿ ನೋಡಿದರು. ಮಗುವಿನ ಕೆನ್ನೆಗೆ ಗೋಂದಿನ ಒಂದು ಹನಿ ಸಿಡಿದಿತ್ತು. ತಾಯಿ ಬಟ್ಟೆಯ ತುದಿಯನ್ನು ಕುಡಿಯುವ ನೀರಿನಲ್ಲಿ ಅದ್ದಿ ಒಂದು ಸಲ ಒರೆಸಿದಳು. ಹನಿ ಹೋಯಿತು. ಮಗು ಮುಖ ಕಿವುಚಿ, ಒಂದು ದೀರ್ಘ ಉಸಿರೆಳೆದುಕೊಂಡು, ನಿದ್ದೆ ಮುಂದುವರಿಸಿತು.