ಗುಲ್ಮವಿಲ್ಲದ ಅತ್ತಿಗೆ

ಆ ಕಟ್ಟಡದ ಕೆಲಸದಲ್ಲಿದ್ದವರಿಗೆಲ್ಲ ಅವಳು ಅತ್ತಿಗೆ. ನಿಜವಾಗಿ ಅತ್ತಿಗೆಯಾಗಬೇಕಾದದ್ದು ಒಬ್ಬನಿಗೆ ಮಾತ್ರ. ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ ದಾರಿ ಹೇಳುವ ಸಿಗ್ನಲ್‌ನವನು ಅವಳ ಗಂಡನ ತಮ್ಮ. "ಅತ್ತಿಗೆ, ಎಡಕ್ಕೆ ತನ್ನಿ", "ಅತ್ತಿಗೆ, ಚೂರು ಇಳಿಸಿ" ಎಂದು ಅವನು ದಿನವಿಡೀ ಹೇಳುವುದು ಅದೇ ಚಾನೆಲ್ಲಿನಲ್ಲಿದ್ದ ಎಲ್ಲರ ಕಿವಿಗೂ ಬೀಳುತ್ತಿತ್ತು. ಹಾಗಾಗಿ ಕಂಬಿ ಕಟ್ಟುವವರಿಗೂ ಅವಳು ಅತ್ತಿಗೆಯಾದಳು, ಗಾರೆಯವರಿಗೂ ಅತ್ತಿಗೆಯಾದಳು. ತಲೆ ಪೂರ್ತಿ ನೆರೆತಿದ್ದ ಎಂಜಿನಿಯರ್ ಕೂಡ ಮರ್ಯಾದೆ ಸೇರಿಸಿ "ಅತ್ತಿಗೆಯವರೇ" ಅನ್ನುತ್ತಿದ್ದರು. ಹೆಂಗಸು ಕ್ರೇನ್ ಓಡಿಸುವುದಾ ಎಂದು ಮೊದಮೊದಲು ಹುಬ್ಬೇರಿಸಿದವರು ಈಗ ಅವಳು ರಜೆ ಹಾಕಿದ ದಿನ ಭಾರದ ಕೆಲಸವನ್ನು ಮರುದಿನಕ್ಕೆ ಎತ್ತಿಡುತ್ತಿದ್ದರು. ಅವಳ ಕೈ ಅಷ್ಟು ನಂಬಿಕೆಯದು.

ಆ ಕೈಗೆ ಅವತ್ತು ಬೆಳಿಗ್ಗೆ ನಡುಕ ಹತ್ತಿತು.

ಕ್ರೇನಿನ ತುದಿಯಲ್ಲಿದ್ದ ಕ್ಯಾಬಿನ್ನಿನ ಗಾಜಿನಾಚೆ ಬಿಸಿಲು ಚೆನ್ನಾಗಿಯೇ ಕಾಯುತ್ತಿತ್ತು. ಏಣಿ ಹತ್ತಿ ಬಂದ ಬೆವರು ಆರುತ್ತಿರಬೇಕು ಎಂದುಕೊಂಡು ಅವಳು ಜಾಕೆಟ್ಟಿನ ಗುಂಡಿ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಕಿಟಕಿ ಮುಚ್ಚಿದಳು. ಆಮೇಲೆ ಕಾಲುಗಳನ್ನು ಒಂದಕ್ಕೊಂದು ಒತ್ತಿ ಕೂತಳು. ಬೆನ್ನ ಹುರಿಯೊಳಗೆ ಯಾರೋ ತಣ್ಣೀರು ಸುರಿಯುತ್ತಿದ್ದಂತಿತ್ತು.

ಬೇರೆಯವರಿಗಾಗಿದ್ದರೆ ಇದು ಬರೀ ಚಳಿ. ಅವಳಿಗೆ ಹಾಗಲ್ಲ. ಹಿಂದಿನ ವರ್ಷ ಅವಳು ಕೂತಿದ್ದ ಬಸ್ಸು ಲಾರಿಗೆ ಗುದ್ದಿದಾಗ ಮುಂದಿನ ಸೀಟಿನ ಕಂಬಿ ಎಡ ಪಕ್ಕೆಗೆ ಬಡಿದು, ಒಳಗೆ ಗುಲ್ಮ, ಎಂದರೆ ಸ್ಪ್ಲೀನ್, ಸೀಳಿತ್ತು. ರಕ್ತ ನಿಲ್ಲಲಿಲ್ಲ. ಜೀವ ಉಳಿಯಬೇಕಾದರೆ ಗುಲ್ಮ ತೆಗೆಯಲೇಬೇಕು ಎಂದು ಡಾಕ್ಟರು ತೆಗೆದುಹಾಕಿದ್ದರು. ಹೊಲಿಗೆ ಬಿಚ್ಚುವ ದಿನ ಅವರು ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದ್ದರು. "ಗುಲ್ಮ ಇಲ್ಲದೆಯೂ ನೂರು ವರ್ಷ ಬಾಳಬಹುದಮ್ಮ. ಆದರೆ ರಕ್ತಕ್ಕೆ ಸೇರೋ ಕ್ರಿಮಿಗಳನ್ನ ಸೋಸಿ ಹಿಡಿಯೋದು ಅದರ ಕೆಲಸ ಆಗಿತ್ತು. ಈಗ ಅದನ್ನ ಮಾಡೋರಿಲ್ಲ. ಜ್ವರ ಬಂದರೆ, ಮೈ ನಡುಗಿದರೆ, ನಾಳೆ ನೋಡೋಣ ಅನ್ನಬೇಡಿ. ನಾನು ಬರೆದುಕೊಟ್ಟಿರೋ ಆಂಟಿಬಯೋಟಿಕ್ ಮಾತ್ರೆ ನುಂಗಿ ಆ ಗಳಿಗೆಲೇ ಆಸ್ಪತ್ರೆಗೆ ಹೊರಡಿ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಕೈಮೀರಿ ಹೋಗಿರೋದನ್ನ ನಾನು ನೋಡಿದೀನಿ."

ಬೇಕಾದ ಲಸಿಕೆಗಳನ್ನೆಲ್ಲ ಹಾಕಿಸಿಕೊಂಡಿದ್ದಳು. ಪರ್ಸಿನಲ್ಲಿ 'ನನಗೆ ಗುಲ್ಮವಿಲ್ಲ' ಎಂಬ ಕಾರ್ಡು ಇತ್ತು. ಊಟದ ಡಬ್ಬಿಯ ಚೀಲದಲ್ಲಿ ಮಾತ್ರೆಯಿತ್ತು. ಕೆಲಸದ ಜಾಗದಲ್ಲಿ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಹೊಟ್ಟೆಯ ಆಪರೇಷನ್ ಅಂದಿದ್ದಳು, ಅಷ್ಟೇ. ಗೊತ್ತಾದರೆ ಮೇಲೆ ಹತ್ತಲು ಬಿಡುವುದಿಲ್ಲ ಎಂಬ ಅಳುಕು. ಗೊತ್ತಿದ್ದದ್ದು ಮೈದುನನೊಬ್ಬನಿಗೇ. ಅವನ ಬಾಯಿಗೂ ಬೀಗ ಹಾಕಿಸಿದ್ದಳು.

ಹಾಗಾದರೆ ಚಳಿ ಶುರುವಾದ ಕೂಡಲೇ ಯಾಕೆ ಇಳಿಯಲಿಲ್ಲ? ಒಂದು ಸಲ ಇಳಿದಿದ್ದಳು. ಮಳೆಗಾಲದಲ್ಲಿ ಹೀಗೇ ಮೈ ಬಿಸಿಯಾಯಿತೆಂದು ಹೊಟ್ಟೆನೋವಿನ ನೆಪ ಹೇಳಿ ಆಸ್ಪತ್ರೆಗೆ ಓಡಿದ್ದಳು. ರಕ್ತ ಪರೀಕ್ಷೆ ಆಯಿತು, ಡ್ರಿಪ್ ಆಯಿತು, ಕೊನೆಗೆ ನೋಡಿದರೆ ಬರೀ ನೆಗಡಿ. ಡಾಕ್ಟರು ಬಂದದ್ದು ಒಳ್ಳೆಯದಾಯಿತೆಂದೇ ಹೇಳಿದರು. ಆದರೆ ಅವತ್ತು ಕಾಂಕ್ರೀಟ್ ಗಾಡಿಗಳು ಸಾಲಾಗಿ ನಿಂತು ವಾಪಸ್ಸು ಹೋಗಿದ್ದವು. ಮರುದಿನ ಎಂಜಿನಿಯರ್ ಏನೂ ಅನ್ನದೆ ಅವಳ ಮುಖ ನೋಡಿದ್ದರು. ಬೈದಿದ್ದರೆ ಆಗಿಹೋಗುತ್ತಿತ್ತು. ಆ ನೋಟ ಮಾತ್ರ ಮುಳ್ಳಿನಂತೆ ಉಳಿದುಬಿಟ್ಟಿತು.

'ಮನೆಯಲ್ಲಿ ಇವರಿಗೂ ನೆಗಡಿ. ಅದೇ ಅಂಟಿರುತ್ತೆ' ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುತ್ತಲೇ ಒಂದು ಗಂಟೆಗೂ ಮೀರಿ ಕಳೆಯಿತು.

"ಅತ್ತಿಗೆ, ಮೆಟ್ಟಿಲು ರೆಡಿ. ಎತ್ತಿ."

ಅದು ಕಾರ್ಖಾನೆಯಲ್ಲಿ ಕಾಂಕ್ರೀಟ್ ಎರಕ ಹೊಯ್ದು ತಂದಿದ್ದ ಇಡೀ ಒಂದು ಮೆಟ್ಟಿಲ ಸಾಲು. ಒಂದು ಆನೆಯ ತೂಕ. ಅದನ್ನು ಕಟ್ಟಡದ ನಡುವೆ ಬಾವಿಯಂತೆ ಬಿಟ್ಟಿದ್ದ ಜಾಗಕ್ಕೆ ಇಳಿಸಬೇಕು. ಒಳಗೆ ಇಬ್ಬರು ಫಿಟ್ಟರುಗಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು, ಬಂದದ್ದನ್ನು ಕೈಯಲ್ಲಿ ಹಿಡಿದು ಕೂರಿಸುವುದಕ್ಕೆ. ಅವಳು ಎತ್ತಿದಳು, ತಿರುಗಿಸಿದಳು, ಬಾವಿಯ ನೆತ್ತಿಗೆ ತಂದಳು. ಇಳಿಸಲು ಶುರುಮಾಡಿದಾಗ ಹಲ್ಲುಗಳು ತಾವಾಗಿ ಕಟಕಟ ಅನ್ನತೊಡಗಿದವು. ದವಡೆ ಬಿಗಿಹಿಡಿದಳು. ಆಗ ನಡುಕ ತೋಳಿಗಿಳಿಯಿತು. ಲಿವರ್ ಹಿಡಿದ ಕೈ ಜರಕ್ಕೆಂದು ಎಳೆಯಿತು.

"ಅತ್ತಿಗೆ, ತೂಗ್ತಿದೆ. ನಿಲ್ಸಿ. ನಿಲ್ಸಿ ಅಂದೆ."

ಲಿವರ್ ಬಿಟ್ಟಳು. ಬ್ರೇಕು ಹಿಡಿಯಿತು. ಕೆಳಗೆ ಮೆಟ್ಟಿಲ ಸಾಲು ಗೋಡೆಗೆ ಒಮ್ಮೆ ಉಜ್ಜಿ ಸಿಮೆಂಟಿನ ಧೂಳು ಏಳಿಸಿತು. ಒಳಗಿದ್ದವರಲ್ಲಿ ಒಬ್ಬ ಏನೋ ಕಿರುಚಿದ್ದು ವಾಕಿಟಾಕಿಯಲ್ಲಿ ಕೇಳಿಸಿತು. ಅವಳು ತನ್ನ ಕೈಯನ್ನು ನೋಡಿಕೊಂಡಳು. ಉಗುರುಗಳು ನೀಲಿಯಾಗಿದ್ದವು. ಕೈ ಅವಳದಾಗಿರಲಿಲ್ಲ.

"ಕೇಳೋ," ಎಂದಳು ಮೈದುನನಿಗೆ. ದನಿ ತುಂಡುತುಂಡಾಗಿ ಬಂತು. "ಮೊದಲು ಒಳಗಿರೋ ಇಬ್ಬರನ್ನೂ ಆಚೆ ಕಳಿಸು."

ಎಂಜಿನಿಯರ್ ನಡುವೆ ಬಾಯಿ ಹಾಕಿದರು. "ಯಾಕೆ? ಇನ್ನೇನು ಕೂತೇಬಿಡುತ್ತಲ್ಲ. ಏನಾಯ್ತು ಅತ್ತಿಗೆಯವರೇ?"

ಸುಳ್ಳು ಹೇಳಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತಿತ್ತು. ಚಾನೆಲ್ಲಿನಲ್ಲಿ ಇಡೀ ಕಟ್ಟಡ ಕಿವಿಕೊಟ್ಟಿತ್ತು. ಕೆಳಗಿದ್ದ ಇಬ್ಬರಲ್ಲಿ ಒಬ್ಬನ ಹೆಂಡತಿ ತುಂಬು ಬಸುರಿ ಎಂಬುದು ನೆನಪಾಯಿತು.

"ನನಗೆ ಗುಲ್ಮ ಇಲ್ಲ ಸರ್," ಎಂದಳು. "ಜ್ವರ ಬರ್ತಿದೆ. ಕೈ ನಿಲ್ತಿಲ್ಲ."

ಚಾನೆಲ್ಲಿನಲ್ಲಿ ಯಾರೋ ಕೇಳಿದರು, "ಏನು ಇಲ್ಲ ಅಂದ್ರು?"

"ಗುಲ್ಮ."

"ಅದೇನದು, ಲಿವರ್ರಾ?"

"ಲಿವರ್ ಕೆಟ್ಟಿದ್ರೆ ನಾನೀಗ್ಲೇ ಹತ್ತಿ ನೋಡ್ತೀನಿ," ಎಂದ ಕ್ರೇನಿನ ಮೆಕ್ಯಾನಿಕ್ಕು.

"ಲಿವರ್ ನೆಟ್ಟಗಿದೆ ಕಣಪ್ಪ, ಎರಡೂ," ಎಂದಳು ಅವಳು. ಅಷ್ಟು ನಡುಕದಲ್ಲೂ ನಗು ಉಕ್ಕಿ ಬಂತು, ಅದರ ಹಿಂದೆಯೇ ವಾಂತಿ.

ನಗಾಡಲು ಇನ್ಯಾರಿಗೂ ಬಿಡುವು ಕೊಡದೆ ಮೈದುನ ಗುಡುಗಿದ. "ಎಲ್ರೂ ಚಾನೆಲ್ ಬಿಡಿ. ಆಂಬ್ಯುಲೆನ್ಸ್ ಕರೀರಿ. ಗುಲ್ಮ ಇಲ್ದೋರಿಗೆ ಜ್ವರ ಬಂದ್ರೆ ಗಂಟೆಗಟ್ಲೆ ಟೈಮಿರಲ್ಲ. ಅತ್ತಿಗೆ, ಮಾತ್ರೆ ತಗೊಂಡ್ರಾ?"

"ಇಲ್ಲ."

"ತಗೊಳ್ಳಿ," ಎಂದ.

ಮಾತ್ರೆ ನುಂಗಿದಳು. ಆದರೆ ಹಾಗೇ ಎದ್ದು ಇಳಿಯುವಂತಿರಲಿಲ್ಲ. ಅಷ್ಟು ಭಾರವನ್ನು ನೇತುಬಿಟ್ಟು ಕ್ಯಾಬಿನ್ ಖಾಲಿ ಮಾಡಿದರೆ ಕೆಳಗಿನವರ ಗತಿ? ಇನ್ನೊಬ್ಬ ಆಪರೇಟರ್ ಬರಬೇಕಾದರೆ ಮಧ್ಯಾಹ್ನ ಕಳೆಯುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು, ಮೊಣಕೈಯನ್ನು ಕುರ್ಚಿಗೆ ಒತ್ತಿದಳು.

"ನಿಧಾನ ಅತ್ತಿಗೆ. ಎತ್ತಿ. ಹಾಂ, ಬಾವಿಯಿಂದ ಈಚೆ ಬಂತು. ಈಗ ಬಲಕ್ಕೆ. ಅಂಗಳ ಖಾಲಿ ಮಾಡ್ಸಿದೀನಿ, ನರಪಿಳ್ಳೆ ಇಲ್ಲ. ಇಳಿಸಿ. ಇನ್ನೊಂಚೂರು. ಕೂಸನ್ನ ಮಲಗಿಸ್ತೀರಲ್ಲ, ಹಾಗೆ."

ಕೂಸು ದಡಾರೆಂದು ಮಲಗಿತು. ಒಂದು ಮೂಲೆ ಒಡೆಯಿತು. ಯಾರಿಗೂ ಏನೂ ಆಗಲಿಲ್ಲ. ಕೊಕ್ಕೆ ಬಿಡಿಸಿದರು. ಅವಳು ನಿಯಮದಂತೆ ಕ್ರೇನಿನ ತೋಳನ್ನು ಗಾಳಿಗೆ ತಿರುಗುವಂತೆ ಬಿಟ್ಟು ಯಂತ್ರ ಆರಿಸಿ ಏಣಿಯ ಬಾಯಿಗೆ ತೆವಳಿದಳು.

ಕೆಳಗೆ ನೋಡಿದರೆ, ಕಂಬಿಗಳ ನಡುವೆ ಒಂದು ಹಳದಿ ಹೆಲ್ಮೆಟ್ಟು ಮೇಲೇರಿ ಬರುತ್ತಿತ್ತು. ಮೈದುನ. ಎತ್ತರವೆಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ನೆಲದ ಕೆಲಸ ಹಿಡಿದವನು. ಮನೆಯ ಬಲ್ಬು ಬದಲಿಸಲೂ ಅಣ್ಣನನ್ನು ಕರೆಯುವವನು.

"ನೀನ್ಯಾಕೋ ಹತ್ತಿದೆ?"

"ಮಾತಾಡಿಸ್ಬೇಡಿ. ಕೆಳಗೆ ನೋಡಲ್ಲ ಅಂತ ಹರಕೆ ಹೊತ್ತಿದೀನಿ." ಅವನ ಮುಖ ಸುಣ್ಣದಂತಿತ್ತು. "ನಾನು ಒಂದು ಮೆಟ್ಟಿಲು ಕೆಳಗಿರ್ತೀನಿ. ಕಾಲು ಕೊಡಿ."

ಅವಳ ಒಂದೊಂದೇ ಪಾದವನ್ನು ಹಿಡಿದು ಅವನು ಏಣಿಯ ಮೇಲಿಟ್ಟ. ಅವಳ ಕಣ್ಣಿಗೆ ಕಂಬಿಗಳು ಎರಡೆರಡಾಗಿ ಕಾಣುತ್ತಿದ್ದವು. ಯಾವುದು ನಿಜವಾದದ್ದು ಎಂದು ತಿಳಿಯದೆ ಕೈ ಗಾಳಿ ಹಿಡಿಯುತ್ತಿತ್ತು. ನಡುದಾರಿಯಲ್ಲಿ, ಏಣಿಗಳ ನಡುವಿನ ಸಣ್ಣ ಕಬ್ಬಿಣದ ಅಟ್ಟದ ಮೇಲೆ ಕೂತುಬಿಟ್ಟಳು.

"ಇಲ್ಲೇ ಸ್ವಲ್ಪ ಮಲಗ್ತೀನಿ. ನೀನು ಹೋಗು."

"ಮಲಗಿದ್ರೆ ಅಣ್ಣಂಗೆ ನೀವೇ ಫೋನ್ ಮಾಡಿ ಹೇಳ್ಬೇಕು. ನನ್ ಕೈಲಾಗಲ್ಲ." ಅವನು ಅವಳ ತೋಳು ಹಿಡಿದೆಳೆದ. "ಏಳಿ ಅತ್ತಿಗೆ. ನಾನೂ ಒಬ್ನೇ ಇಳೀಲಾರೆ."

ಆ ಮಾತು ಅವಳನ್ನು ಎಬ್ಬಿಸಿತು. ಎದ್ದಳು. ಅತ್ತಿಗೆ ಮೈದುನರಿಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಬೇಡಿಕೊಳ್ಳುತ್ತ, ಇಡೀ ಕಟ್ಟಡ ಉಸಿರು ಹಿಡಿದು ನೋಡುತ್ತಿರುವಾಗ ನೆಲ ಮುಟ್ಟಿದರು. ಅವಳನ್ನು ಸ್ಟ್ರೆಚರಿಗೆ ಹಾಕಿದ ಮೇಲೆ ಮೈದುನ ಮರಳಿನ ಗುಡ್ಡೆಯ ಪಕ್ಕ ಕುಸಿದು ಕೂತನಂತೆ. ಅವನನ್ನು ಆಂಬ್ಯುಲೆನ್ಸಿಗೆ ಎಳೆದು ಹತ್ತಿಸಿದ್ದು ಆ ಬಸುರಿಯ ಗಂಡ.

ಆಸ್ಪತ್ರೆಯ ಬಾಗಿಲಲ್ಲಿ ಕಾರ್ಡು ನೋಡಿದ ನರ್ಸು ಹೆಸರು ಕೂಡ ಕೇಳಲಿಲ್ಲ. ಗಾಲಿಮಂಚ ತಳ್ಳಿಕೊಂಡೇ ಓಡಿದಳು. ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. ಎರಡೂ ತೋಳಿಗೆ ಸೂಜಿ ಚುಚ್ಚಿದರು. ಕಾಲಿನ ಮೇಲೆ ನೇರಳೆ ಬಣ್ಣದ ಮಚ್ಚೆಗಳು ಏಳುತ್ತಿರುವುದನ್ನು ಅವಳು ಬೇರೆ ಯಾರದೋ ಕಾಲೆಂಬಂತೆ ನೋಡಿದಳು. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ಗಂಡ ಪಕ್ಕದಲ್ಲಿದ್ದ. ಅವನದು ಬೇಕರಿ ಕೆಲಸ. ಅಂಗಿಯ ಹೊಲಿಗೆಗಳಲ್ಲಿ ಇನ್ನೂ ಮೈದಾ ಹಿಟ್ಟಿತ್ತು. ಹಲವು ದಿನದಿಂದ ಅವನು ಅಲ್ಲೇ ಇದ್ದ ಎಂದು ಆಮೇಲೆ ತಿಳಿಯಿತು.

"ಚಳಿ ಯಾವಾಗ ಶುರುವಾಯ್ತು?" ಎಂದು ಕೇಳಿದ.

ಅವಳು ನಿಜ ಹೇಳಿದಳು. ಅವನು ಗೋಡೆಯ ಕಡೆ ನೋಡಿದ.

"ರೀ, ಬೈಯಿರಿ. ಬೈದುಬಿಡಿ ಒಂದ್ಸಲ."

"ಬೈಯೋಕೆ ಮಾತು ಜೋಡಿಸ್ಕೊಂಡೇ ಕೂತಿದ್ದೆ ಕಣೆ," ಎಂದ ಅವನು. "ನೀನು ಕಣ್ಣು ಬಿಟ್ಟೆ ನೋಡು, ಎಲ್ಲ ಮರೆತುಹೋಯ್ತು." ಆಮೇಲೆ ಮೆಲ್ಲಗೆ, "ಅಷ್ಟು ಮುಜುಗರಾನಾ ಇಳಿಯೋಕೆ?"

"ಹೂಂ," ಎಂದಳು.

ಎಡಗಾಲಿನ ಎರಡು ಬೆರಳು ಕಪ್ಪಾಗಿ ಸತ್ತಿದ್ದವು. ತೆಗೆಯಬೇಕಾಯಿತು. ಇನ್ನಷ್ಟು ತಡವಾಗಿದ್ದರೆ ಬೆರಳಿನ ಲೆಕ್ಕಕ್ಕೆ ನಿಲ್ಲುತ್ತಿರಲಿಲ್ಲ ಎಂದರು ಡಾಕ್ಟರು.

ಎಂಜಿನಿಯರ್ ನೋಡಲು ಬಂದರು. ಸ್ಟೂಲಿನ ಮೇಲೆ ಕೂತು ಕೈಯಲ್ಲಿ ಹೆಲ್ಮೆಟ್ಟು ತಿರುಗಿಸಿದರು. "ನನಗೆ ಹೇಳಿದ್ರೆ ಕೆಲಸ ಕಿತ್ಕೋತೀನಿ ಅಂದ್ಕೊಂಡ್ರಾ?"

"ಕಿತ್ಕೋತಿರಲಿಲ್ವಾ ಸರ್?"

"ಗೊತ್ತಿಲ್ಲ," ಎಂದರು ಅವರು. "ಕಿತ್ಕೋತಿದ್ದೆನೇನೋ. ಈಗ ಮಾತ್ರ ಮೇಲೆ ಹತ್ತಿಸಲ್ಲ. ಕೆಳಗಿದ್ದ ಆ ಇಬ್ಬರಿಗೆ ನಾನು ಜವಾಬ್ದಾರ."

ಅದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಅತ್ತಳು. ಬೆರಳಿಗಾಗಿ ಅಷ್ಟು ಅತ್ತಿರಲಿಲ್ಲ.

ಈಗ ಅವಳು ಅಂಗಳದಲ್ಲಿ ಗಾಲಿಯ ಮೇಲೆ ಓಡಾಡುವ ಸಣ್ಣ ಕ್ರೇನ್ ನಡೆಸುತ್ತಾಳೆ. ಲಾರಿಯಿಂದ ಕಂಬಿ ಇಳಿಸುವುದು, ಪೈಪು ಜೋಡಿಸುವುದು. ಸಪ್ಪೆ ಕೆಲಸ. ಮೇಲಿನ ಕ್ಯಾಬಿನ್ನಿನಿಂದ ಕಾಣುತ್ತಿದ್ದ ಊರು ಇಲ್ಲಿಂದ ಕಾಣುವುದಿಲ್ಲ, ತಗಡಿನ ಬೇಲಿಯೇ ಕಾಣುತ್ತದೆ. ಕೆಲವು ದಿನ ಅದು ಅವಳನ್ನು ಹಿಂಡುತ್ತದೆ. ಮೈ ಸ್ವಲ್ಪ ಬೆಚ್ಚಗಾದರೂ ಯಂತ್ರ ಆರಿಸಿ, ಮಾತ್ರೆ ನುಂಗಿ, "ನಾನು ಹೊರಟೆ" ಎಂದು ಚಾನೆಲ್ಲಿನಲ್ಲಿ ಹೇಳುತ್ತಾಳೆ. ಹಾಗೆ ಹೋದದ್ದರಲ್ಲಿ ಒಮ್ಮೆ ಗಂಟಲು ನೋವು, ಒಮ್ಮೆ ಏನೂ ಇಲ್ಲ, ಇನ್ನೊಮ್ಮೆ ನಿಜವಾದ ಸೋಂಕು. ಮೂರನೆಯದರಲ್ಲಿ, ಹೊತ್ತಿಗೆ ಸರಿಯಾಗಿ ಬಂದಿದ್ದರಿಂದ, ವಾರ್ಡಿನ ಡಾಕ್ಟರು ಅವಳನ್ನು ಎರಡೇ ದಿನಕ್ಕೆ ಮನೆಗೆ ಕಳಿಸಿದರು.