ಹಗ್ಗ ಮುಟ್ಟಿದ ಜೀಪು

ಬೆಂಗ್ರೆಯ ಯಾದವನ ರಂಪಣಿ ಬಲೆ ಎಷ್ಟು ಉದ್ದ ಎಂದರೆ, ಅದರ ಒಂದು ತುದಿಯಲ್ಲಿ ಮಳೆ ಹೊಯ್ಯುವಾಗ ಇನ್ನೊಂದು ತುದಿಯಲ್ಲಿ ಹೆಂಗಸರು ಬಿಸಿಲಿಗೆ ಮೀನು ಒಣಗಿಸುತ್ತಿದ್ದರು. ಇದರಲ್ಲಿ ಸುಳ್ಳು ಏನಾದರೂ ಇದ್ದರೆ ಅದು ಉದ್ದವನ್ನು ಸ್ವಲ್ಪ ಕಮ್ಮಿ ಹೇಳಿದ್ದು, ಅಷ್ಟೇ. ದೋಣಿಯಲ್ಲಿ ಕೊಂಡುಹೋಗಿ ಅದನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತಂದು, ಎರಡೂ ಕಡೆ ಊರಿಗೆ ಊರೇ ನಿಂತು ಎಳೆಯುತ್ತಿತ್ತು. ಅವರೆಲ್ಲ ಒಟ್ಟಿಗೆ "ಹೈಸಾ" ಎಂದರೆ ನದಿಯಾಚೆ ಅತ್ತಾವರದ ಆಸ್ಪತ್ರೆಯಲ್ಲಿ ಮೂರು ತಿಂಗಳಿಂದ ಮಲಗಿದ್ದ ರೋಗಿಗಳು ಎದ್ದು ಕೂತು ಗಂಜಿ ಕೇಳುತ್ತಿದ್ದರು.

ಅಲ್ಲಿನ ಕಟ್ಟಳೆ ಒಂದೇ. ಬಲೆ ನೀರಿನಲ್ಲಿರುವಾಗ ಹಗ್ಗ ಮುಟ್ಟಿದವರಿಗೆ ಮೀನಿನಲ್ಲಿ ಪಾಲು. ಮುದುಕಿ ಅಕ್ಕುವಿಗೆ ಎಳೆಯುವ ತ್ರಾಣ ಎಲ್ಲಿಂದ ಬರಬೇಕು? ಗಂಡನನ್ನು ಕಡಲು ತಿಂದ ಮೇಲೆ ಅವಳು ಹಗ್ಗದ ಬಾಲದ ಮೇಲೆ ಸುಮ್ಮನೆ ಅಂಗೈ ಇಟ್ಟು ನಡೆಯುತ್ತಿದ್ದಳು. ಅವಳ ಬುಟ್ಟಿಗೂ ಬಂಗುಡೆ ಮೀನು ಬೀಳುತ್ತಿತ್ತು. ಬಲೆ ಹರಿದರೂ ಅದೇ ಕಟ್ಟಳೆ. ಅಂದು ಹಗ್ಗ ಮುಟ್ಟಿದವರೆಲ್ಲ ಚಪ್ಪರದಡಿ ಬಿದಿರ ಸೂಜಿ ಹಿಡಿದು ಕೂತರೆ, ಹರಿದ ಬಲೆಯ ಕೊನೆಯ ಕಣ್ಣು ಹೆಣೆದು ಮುಚ್ಚುವವರೆಗೆ ಏಳುವಂತಿಲ್ಲ. ಮುಟ್ಟದವನು ಕೂರುವಂತಿಲ್ಲ, ಕೂತರೆ ಅದು ಇನ್ನೊಬ್ಬನ ಪಾಲಿಗೆ ಕೈ ಹಾಕಿದ ಹಾಗೆ.

ಅರವತ್ತನೇ ಇಸವಿಯ ಆಚೀಚೆ ಎಂಜಿನ್ ಬೋಟುಗಳು ಬಂದವು. ಹಗ್ಗದಿಂದ ಒಂದೊಂದೇ ಕೈ ಉದುರಿತು. ಮೊದಲು ಪ್ರೇಮನಾಥ ಬೋಟಿಗೆ ಹೋದ, ಅವನ ಹಿಂದೆ ಅವನ ಭಾವಂದಿರು, ಅವರ ಹಿಂದೆ ಉಳಿದವರು. ಹೋಗುವಾಗ ಒಬ್ಬೊಬ್ಬನೂ ರಂಪಣಿಗೆ ಜೋಡಿಸಲೆಂದು ತನ್ನ ಮನೆಯಲ್ಲಿಟ್ಟಿದ್ದ ಬಲೆಯ ತುಂಡನ್ನು ಹೊತ್ತು ತಂದು ಯಾದವನ ಚಪ್ಪರದಲ್ಲಿ ಹಾಕಿದ. "ನೀವೇ ಇಟ್ಟುಕೊಳ್ಳಿ ಯಾದವಣ್ಣ," ಎಂದರು, ಹೆಣ ಇಳಿಸಿದಷ್ಟು ಮೆಲ್ಲಗೆ. ಒಂದು ಇಡೀ ಹಂಗಾಮು ಬಲೆ ನೀರು ಕಾಣಲಿಲ್ಲ. ಯಾದವ ಸಂಜೆ ಹೊತ್ತು ಹೋಗಿ ಆ ರಾಶಿಯ ಮೇಲೆ ಮುಖ ಇಡುತ್ತಿದ್ದ. ಕಡಲಿನ ವಾಸನೆ ಹೋಗಿ ಇಲಿಯ ವಾಸನೆ ಬರುತ್ತಿತ್ತು. ಅಜ್ಜ ಬಿಟ್ಟ ಬಲೆ, ಅಪ್ಪ ಬಿಟ್ಟ ಬಲೆ, ತನ್ನ ಕಾಲದಲ್ಲಿ ಇಲಿಗೆ ಹೋಯಿತಲ್ಲ ಎಂದು ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಅವನು ಬಂದರಿನ ಹಸನಬ್ಬನ ಗ್ಯಾರೇಜಿಗೆ ಹೋದದ್ದು. ಹಸನಬ್ಬ ಎಂಥ ಮೆಕ್ಯಾನಿಕ್ ಎಂದರೆ, ಸತ್ತ ಲಾರಿಯ ಕಿವಿಯಲ್ಲಿ ಒಂದು ಬೈಗುಳ ಹೇಳಿದರೆ ಅದು ತಾನಾಗಿ ಕಾಸರಗೋಡಿನವರೆಗೆ ಹೋಗಿ ಬರುತ್ತಿತ್ತು. ಅವನ ಶೆಡ್ಡಿನ ಮೂಲೆಯಲ್ಲಿ ಯುದ್ಧಕಾಲದ ಒಂದು ಜೀಪು ಬಿದ್ದಿತ್ತು.

"ಇದರ ಮೂತಿಗೆ ಒಂದು ಬಂಪರು, ಬಂಪರಿಗೆ ಒಂದು ವಿಂಚು," ಎಂದ ಹಸನಬ್ಬ. "ಎಂಜಿನು ತಿರುಗಿದ ಹಾಗೆ ಉರುಳೆ ತಿರುಗ್ತದೆ, ಉರುಳೆ ಹಗ್ಗ ಸುತ್ತಿಕೊಳ್ತದೆ. ನಿನಗೆ ಜನ ಎಂತಕ್ಕೆ ಮಾರಾಯ?"

"ನನ್ನ ಹಗ್ಗಕ್ಕೆ ಎರಡು ತುದಿ ಉಂಟಲ್ಲ?"

"ಹಾಗಾದರೆ ಎರಡು ಉರುಳೆ! ಬಂಪರಿನ ಆಚೆ ಒಂದು, ಈಚೆ ಒಂದು. ನಿನ್ನ ಊರಿನವರನ್ನೆಲ್ಲ ಈ ಬಂಪರಿನಲ್ಲಿ ಕೂರಿಸ್ತೇನೆ."

"ಮರಳಿನಲ್ಲಿ ಹೊಟ್ಟೆ ತಾಗಿ ಹೂತು ಹೋಗ್ತದೆ ಹಸನಬ್ಬ."

"ಕಾಲು ಉದ್ದ ಮಾಡುವ."

ಯಾದವ ತನ್ನ ಎರಡು ದೋಣಿಗಳಲ್ಲಿ ದೊಡ್ಡದನ್ನು ಕೊಟ್ಟು ಜೀಪನ್ನು ತನ್ನದು ಮಾಡಿಕೊಂಡ. ಹೆಂಡತಿ ರಾಜೀವಿ ಅಂದು ಅಂಗಳದಲ್ಲಿ ನಿಂತು, "ದೋಣಿ ಕೊಟ್ಟು ಚಕ್ರ ತಂದ ಮೊಗವೀರ ನೀವೊಬ್ಬರೇ. ನಾಳೆ ಅದಕ್ಕೆ ಬೂತಾಯಿ ಮೀನಿನ ಸಾರು ಬಡಿಸ್ಲಿಕ್ಕುಂಟಾ?" ಎಂದಳು.

ಹಸನಬ್ಬ ಜೀಪನ್ನು ಮರದ ತುಂಡುಗಳ ಮೇಲೆ ಎತ್ತಿ ನಿಲ್ಲಿಸಿ ಅದರ ಹಳೆಯ ಸ್ಪ್ರಿಂಗ್ ಪ್ಲೇಟುಗಳನ್ನು ಬಿಚ್ಚಿದ. ಆಕ್ಸಲಿನ ಕೆಳಗೆ ಇದ್ದ ಪ್ಲೇಟುಗಳನ್ನು ಆಕ್ಸಲಿನ ಮೇಲಕ್ಕೆ ತಂದ. ಸಾಲದ್ದಕ್ಕೆ ಲಾರಿಯ ದಪ್ಪ ಪ್ಲೇಟುಗಳನ್ನು ಸೇರಿಸಿ, ಉದ್ದದ ಕೊಂಡಿಗಳನ್ನು ತಾನೇ ಕಾಸಿ ಬಡಿದು ಕೂಡಿಸಿದ. ಯು ಬೋಲ್ಟು ಬಿಗಿಯುವಾಗ ಅವನ ಕುತ್ತಿಗೆಯ ನರ ಯಾದವನ ಹಗ್ಗಕ್ಕಿಂತ ದಪ್ಪ ಆಗಿತ್ತು. ಲಾರಿಯ ಚಕ್ರ ಹಾಕಿ ಕೆಳಗಿಳಿಸಿದಾಗ ಜೀಪು ಕಾವಿಗೆ ಕೂತ ಕೋಳಿ ಸಿಟ್ಟಿನಿಂದ ಎದ್ದ ಹಾಗೆ ನಿಂತಿತು. ಅದರ ಹೊಟ್ಟೆಯಡಿ ಒಂದು ಮದುವೆಯ ಊಟ ಬಡಿಸಬಹುದಿತ್ತು. ಬಂಪರು ರೈಲು ಕಂಬಿಯದ್ದು, ಉರುಳೆಗಳು ಮುರಿದ ಮಿಲಿಟರಿ ಲಾರಿಯವು. ಯಾದವ ಅದರ ಮುಂದೆ ನಿಂತು ನೋಡಿದ. ಬಹಳ ದಿನಗಳ ಮೇಲೆ ಅವನಿಗೆ ಹಸಿವಾಯಿತು.

ಜೀಪು ಕೂಳೂರಿನ ಸೇತುವೆ ದಾಟಿ, ಮರಳಿನ ದಾರಿ ಹಿಡಿದು ಬೆಂಗ್ರೆಗೆ ಬಂತು. ಎಲ್ಲಿಯೂ ಹೊಟ್ಟೆ ತಾಗಲಿಲ್ಲ. ಎಂಜಿನ್ ಬೋಟಿನವರೆಲ್ಲ ಅಂದು ಕೆಲಸ ಬಿಟ್ಟು ದಡದಲ್ಲಿ ನಿಂತಿದ್ದರು.

"ಇದೆಂತ ಯಾದವಣ್ಣ, ಒಂಟೆಯಾ?" ಎಂದ ಪ್ರೇಮನಾಥ.

"ನಿನ್ನ ಬದಲಿಗೆ ತಂದದ್ದು," ಎಂದ ಯಾದವ. "ಇದು ಬೀಡಿ ಕೇಳುವುದಿಲ್ಲ."

ಜನ ನಕ್ಕಿತು. ಪ್ರೇಮನಾಥನೂ ನಕ್ಕ, ಆದರೆ ಅವನ ಕೈಗಳು ತಾವಾಗಿ ಲುಂಗಿಗೆ ಒರೆಸಿಕೊಂಡವು, ಹಗ್ಗ ಹಿಡಿಯುವ ಮುಂಚೆ ಒರೆಸಿಕೊಳ್ಳುವ ಹಾಗೆ.

ಯಾದವ ಒಬ್ಬನೇ ಸಣ್ಣ ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬಂದ. ಹಗ್ಗದ ಎರಡು ತುದಿಗಳು ಎರಡು ಉರುಳೆಗೆ ಸೇರಿದವು. ಜೀಪು ಜಾರದಂತೆ ಅದರ ಬೆನ್ನಿಗೆ ಹಳೆಯ ಮಂಜಿ ಹಡಗಿನ ಲಂಗರು ಕಟ್ಟಿ ಮರಳಿನಲ್ಲಿ ಹೂತಿದ್ದರು. ಹಸನಬ್ಬ ಲಿವರ್ ಎಳೆದ. ಉರುಳೆ ತಿರುಗಿತು, ಹಗ್ಗ ಬಿಗಿಯಿತು, ಇಡೀ ಕಡಲು ಒಂದು ಗೇಣು ದಡಕ್ಕೆ ಸರಿಯಿತು! ಜನ ಬಾಯಿ ಬಿಟ್ಟುಕೊಂಡು ನೋಡಿತು. ಆಗ ಅಕ್ಕು ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಬಂದು, ಓಡುತ್ತಿದ್ದ ಹಗ್ಗದ ಕಡೆಗೆ ಅಂಗೈ ಚಾಚಿದಳು.

"ಕೈ ತೆಗೆ!" ಹಸನಬ್ಬ ಕಿರುಚಿದ. "ಉರುಳೆಗೆ ಸಿಕ್ಕಿದರೆ ತೋಳೇ ಹೋದೀತು!"

"ಯಾರೂ ಹಗ್ಗ ಮುಟ್ಟಬೇಡಿ!" ಯಾದವ ಬಾನೆಟ್ಟಿನ ಮೇಲೆ ಹತ್ತಿ ನಿಂತು ಕೂಗಿದ. "ಒಬ್ಬರೂ ಮುಟ್ಟಬಾರದು! ದೂರ, ದೂರ!" ಆ ಕೂಗಿನಲ್ಲಿ ಹೆದರಿಕೆ ಇತ್ತು, ನಿಜ; ಬಿಟ್ಟುಹೋದವರಿಗೆ ತೋರಿಸುವ ಗತ್ತೂ ಇತ್ತು. ಅಕ್ಕು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಬಲೆ ಅರ್ಧ ದಾರಿ ಬಂದಾಗ ತೆಂಕಣ ಹಗ್ಗ ನಡುಗಲು ಶುರುವಾಯಿತು. ಯಾದವ ಅದನ್ನು ಕಣ್ಣಾರೆ ಕಂಡ. "ಬಂಗುಡೆ!" ಎಂದು ಕುಣಿದ. "ಹೊಟ್ಟೆ ತುಂಬ ಬಂಗುಡೆ! ಎಳಿ ಹಸನಬ್ಬ, ಎಳಿ!"

ಅದು ಬಂಗುಡೆಯಲ್ಲ. ಅಜ್ಜನ ಕಾಲದಲ್ಲಿ ಮುಳುಗಿದ ಒಂದು ಮಂಜಿಯ ಮರದ ಪಕ್ಕೆಲುಬುಗಳು ಆ ಜಾಗದಲ್ಲಿ ಮರಳಿನಿಂದ ಮೇಲೆದ್ದಿದ್ದವು. ಬೆಂಗ್ರೆಯಲ್ಲಿ ಅದು ಗೊತ್ತಿಲ್ಲದ ಕೂಸಿಲ್ಲ. ಹಗ್ಗ ಕೈಯಲ್ಲಿದ್ದಾಗ ಮೀನಿನ ನಡುಕ ಬೇರೆ, ಮರದ ನಡುಕ ಬೇರೆ. ಮರ ತಾಗಿದ್ದು ಅಂಗೈಗೆ ತಿಳಿದ ಕೂಡಲೇ ಸಾಲಿಗೆ ಸಾಲೇ ಹಗ್ಗ ಸಡಿಲಿಸಿ, ಬಡಗಣಕ್ಕೆ ಹತ್ತು ಮಾರು ನಡೆದು, ಮತ್ತೆ ಎಳೆಯುತ್ತಿತ್ತು. ಯಾದವನ ಅಂಗೈಗೂ ತಿಳಿಯುತ್ತಿತ್ತು. ಅಂದು ಆ ಅಂಗೈಗಳು ಆಕಾಶದಲ್ಲಿ ಚಪ್ಪಾಳೆ ತಟ್ಟುತ್ತಿದ್ದವು. ಕಣ್ಣಿಗೆ ಎರಡೂ ನಡುಕ ಒಂದೇ.

ಜೀಪು ಎಳೆಯಿತು. ಹೇಳಿದ ಮಾತು ಮೀರದ ಪ್ರಾಣಿ ಅದು.

ಸದ್ದು ಬಹಳ ಸಣ್ಣದು. ಯಾರೋ ಹಳೆಯ ಸೀರೆ ಹರಿದ ಹಾಗೆ. ಆಮೇಲೆ ಹಗ್ಗಗಳು ಹಗುರಾಗಿ, ಓಡೋಡಿ ಬಂದವು. ಬಲೆ ದಡಕ್ಕೆ ಬಿದ್ದಾಗ ಅದರ ನಡುವೆ ಇದ್ದದ್ದು ತೂತು; ಸುತ್ತ ಒಂದಿಷ್ಟು ನೂಲು. ಬಲೆಯ ಉದ್ದ ಹೇಳುವಾಗ ಬೇಕಾದ ಹಾಗೆ ಎಳೆಯಬಹುದು. ಆ ತೂತಿನ ಬಗ್ಗೆ ಹೆಚ್ಚು ಮಾಡಿ ಹೇಳಲು ಏನೂ ಉಳಿದಿರಲಿಲ್ಲ. ಒಂದು ಏಡಿ ಮಾತ್ರ ನೂಲಿಗೆ ಸಿಕ್ಕಿ ಕಾಲಾಡಿಸುತ್ತಿತ್ತು.

"ನನ್ನ ಬಂಪರಿಗೆ ಒಂದು ಗೀರು ಬೀಳಲಿಲ್ಲ," ಎಂದ ಹಸನಬ್ಬ, ಅಳುವವನ ಹಾಗೆ.

ಬಲೆಯನ್ನು ಚಪ್ಪರಕ್ಕೆ ಎಳೆದು ತಂದದ್ದೂ ಜೀಪೇ. ಯಾದವ ಒಳಗಿನಿಂದ ಬಿದಿರ ಸೂಜಿಗಳ ಬುಟ್ಟಿ ತಂದು ನಡುವೆ ಇಟ್ಟ. ಜನ ಚಪ್ಪರದ ಹೊರಗೆ ನಿಂತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತಮ್ಮ ತಮ್ಮ ಅಂಗೈ ನೋಡಿಕೊಂಡರು.

"ಮುಟ್ಟಿದ್ದರೆ ಕೂರ್ತಿದ್ದೆ ಯಾದವಣ್ಣ," ಎಂದ ಪ್ರೇಮನಾಥ. ಅವನ ಧ್ವನಿಯಲ್ಲಿ ಈಗ ಕುಹಕ ಇರಲಿಲ್ಲ. "ಕಡಲಾಣೆ, ಬೋಟು ಬಿಟ್ಟು ಕೂರ್ತಿದ್ದೆ."

"ಈಗ ಮುಟ್ಟು," ಎಂದ ಯಾದವ. "ಹಗ್ಗ ಅಲ್ಲೇ ಉಂಟು. ಮುಟ್ಟು."

"ದಡಕ್ಕೆ ಬಂದ ಹಗ್ಗ ಮುಟ್ಟಿದರೆ ಲೆಕ್ಕ ಉಂಟಾ?"

ಇರಲಿಲ್ಲ. ಯಾದವನೇ ಎಷ್ಟು ಜನರಿಗೆ ಆ ಮಾತು ಹೇಳಿ ಹಿಂದೆ ಕಳಿಸಿರಲಿಲ್ಲ! ಒಬ್ಬೊಬ್ಬರಾಗಿ ಹೊರಟುಹೋದರು. ಹಸನಬ್ಬನೊಬ್ಬ ಸೂಜಿ ಎತ್ತಿಕೊಂಡ. ಕಬ್ಬಿಣ ಹಿಡಿದ ಬೆರಳಿಗೆ ನೂಲು ನಿಲ್ಲದೆ, ಅದನ್ನು ಮೆಲ್ಲಗೆ ಬುಟ್ಟಿಗೆ ಹಾಕಿ ದೋಣಿ ಕಟ್ಟೆಯ ಕಡೆ ನಡೆದ. ಕೊನೆಗೆ ಉಳಿದದ್ದು ಅಕ್ಕು.

"ಚಿಕ್ಕಮ್ಮ, ನೀನಾದರೂ," ಎಂದ ಯಾದವ.

"ಕೈ ಚಾಚಿದೆ ಮಗಾ," ಎಂದಳು ಅಕ್ಕು. "ನೀನೇ ಬೇಡ ಅಂದಿ."

ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು.

ಯಾದವ ಒಂದು ಸೂಜಿಗೆ ನೂಲು ಸುತ್ತಿದ. ಇನ್ನೊಂದಕ್ಕೂ ಸುತ್ತಿ, ಎದ್ದು ಹೋಗಿ, ಅದನ್ನು ಜೀಪಿನ ಬಂಪರಿನ ಮೇಲೆ ಇಟ್ಟ.

"ಬಾ ಮಾರಾಯ," ಎಂದ. "ನನ್ನ ಬಿಟ್ಟರೆ ನೀನೊಬ್ಬನೇ ಮುಟ್ಟಿದ್ದು. ಕೂರು."

ಜೀಪು ನಿಂತೇ ಇತ್ತು. ಅಷ್ಟು ಉದ್ದ ಮಾಡಿಸಿದ ಕಾಲು. ಅದಕ್ಕೆ ಮಡಚಲು ಬರುತ್ತಿರಲಿಲ್ಲ. ಯಾದವ ಹಿಂದಕ್ಕೆ ಬಂದು, ತೂತಿನ ಅಂಚು ಎಲ್ಲಿಂದ ಶುರುವಾಗುತ್ತದೆ ಎಂದು ಕೈಯಾಡಿಸಿ ಹುಡುಕತೊಡಗಿದ.