ಸಕ್ಕರೆಯಿಲ್ಲದ ಕಾಫಿ

ಇಂತಿಸಾರ್ ಎದುರಿಗಿದ್ದಾಗ ನಮ್ಮ ಓಣಿಯಲ್ಲಿ ಯಾರೂ ಅವಳ ಮಗ ಶಿಹಾಬನ ಹೆಸರಿನ ಜೊತೆ "ದೇವರು ಅವನಿಗೆ ಕರುಣೆ ತೋರಲಿ" ಎಂದು ಹೇಳುತ್ತಿರಲಿಲ್ಲ. ಅದು ಸತ್ತವರ ಬಗ್ಗೆ ಆಡುವ ಮಾತು. "ದೇವರು ಅವನನ್ನು ಕ್ಷೇಮವಾಗಿ ತರಲಿ" ಎನ್ನುತ್ತಿದ್ದೆವು, ದುಡಿಯಲು ಕುವೈತಿಗೆ ಹೋದವನ ಬಗ್ಗೆ ಹೇಳುವ ಹಾಗೆ.

ಶಿಹಾಬ್ ಹೋದದ್ದು ಕುವೈತಿಗಲ್ಲ. ಹಿಂದಿನ ವರ್ಷದ ಚಳಿಗಾಲದಲ್ಲಿ, ಬಿರುಗಾಳಿ ಬರುತ್ತದೆಂದು ರೇಡಿಯೋದಲ್ಲಿ ಹೇಳುತ್ತಿದ್ದರೂ, ದೋಣಿಯ ಮಾಲೀಕ ಅವನನ್ನೂ ಊರಿನ ಇತರ ಹುಡುಗರನ್ನೂ ಹತ್ತಿಸಿ ತನ್ನ ಹಳೆಯ ಮೀನು ದೋಣಿಯನ್ನು ಸಮುದ್ರಕ್ಕೆ ಕಳಿಸಿದ. ದೋಣಿ ಮರಳಲಿಲ್ಲ. ನೈಲ್ ಸಮುದ್ರಕ್ಕೆ ಸೇರುವ ನಮ್ಮೂರಿನ ದಡಕ್ಕೆ ಒಂದೊಂದಾಗಿ ಹುಡುಗರ ದೇಹಗಳು ಬಂದವು. ಶಿಹಾಬ್ ಬರಲಿಲ್ಲ. ಬೇರೆ ಮನೆಗಳ ಮುಂದೆ ಶಾಮಿಯಾನ ಎದ್ದಿತು, ಕುರಾನ್ ಪಠಣವಾಯಿತು, ಒಳಗೆ ಹೆಂಗಸರು ಕೂತು ಸಕ್ಕರೆಯಿಲ್ಲದ ಕಾಫಿ ಕುಡಿದರು. ಇಂತಿಸಾರ್ ಮಾತ್ರ ಕೂರಲಿಲ್ಲ. ಸಮಾಧಾನ ಹೇಳಲು ಹೋದವರನ್ನು ಬಾಗಿಲಲ್ಲೇ ತಡೆದು, "ಅವನು ಸಿಗಲಿ, ಆಮೇಲೆ ಕೂತು ಅಳ್ತೀನಿ. ಈಗ ಬನ್ನಿ, ಟೀ ಮಾಡ್ತೀನಿ," ಎಂದಳು. ಟೀಗೆ ಎಂದಿಗಿಂತ ಹೆಚ್ಚು ಸಕ್ಕರೆ ಹಾಕಿದ್ದಳು.

ಅಂದಿನಿಂದ ಓಣಿ ಅವಳ ಜೊತೆ ನಡೆದುಕೊಂಡ ರೀತಿಯನ್ನು ನೆನೆದರೆ ಈಗಲೂ ನನ್ನ ಮನಸ್ಸು ತುಂಬುತ್ತದೆ. ಬೇಕರಿಯವನು ರೊಟ್ಟಿ ಕಟ್ಟುವಾಗ ಮೊದಲಿನ ಹಾಗೆಯೇ "ಇಬ್ಬರಿಗೆ ತಾನೆ?" ಎನ್ನುತ್ತಿದ್ದ. ಕ್ಷೌರದಂಗಡಿಯ ಝಕಿ ಅವಳನ್ನು ಕಂಡಾಗಲೆಲ್ಲ ಕತ್ತರಿ ಎತ್ತಿ ಹಿಡಿದು, "ಉಮ್ ಶಿಹಾಬ್, ಅವನು ಬಂದ್ರೆ ಮನೆಗೂ ಮೊದಲು ನನ್ ಹತ್ರ ಕಳ್ಸಿ! ತಲೆ ಕಾಡಾಗಿರುತ್ತೆ!" ಎಂದು ಕೂಗುತ್ತಿದ್ದ. ಓಣಿಗೆಲ್ಲ ಅವಳು 'ಉಮ್ ಶಿಹಾಬ್', ಶಿಹಾಬನ ತಾಯಿ. ಅವಳು ನಕ್ಕು, "ಕಳಿಸ್ತೀನಪ್ಪ, ಹಣ ಮಾತ್ರ ಕೇಳಬೇಡ," ಎನ್ನುತ್ತಿದ್ದಳು. ಯಾರೂ ಕೂತು ಮಾತಾಡಿ ಇದನ್ನು ತೀರ್ಮಾನಿಸಿದ್ದಲ್ಲ. ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು.

ಈ ವಸಂತದಲ್ಲಿ ಕೈರೋದಿಂದ ನಿವೀನ್ ಬಂದಳು. ದೋಣಿ ದುರಂತದ ಮೇಲೆ ಸಿನಿಮಾ ಮಾಡುವ ಹುಡುಗಿ. ಅವಳ ತಾಯಿ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ನಾನು ಈ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸಿದವಳು. ನಿವೃತ್ತಳಾದರೂ ಎಲ್ಲರಿಗೂ ಇನ್ನೂ ನಾನು 'ಅಬ್ಲಾ', ಟೀಚರಮ್ಮ.

"ಅಬ್ಲಾ, ಆ ಮಾಲೀಕ ಹೊಸ ದೋಣಿ ಕೊಂಡಿದ್ದಾನೆ. ಅವನನ್ನ ಯಾರಾದ್ರೂ ಕೇಳಿದ್ರಾ? ನಾವು ತೋರಿಸದೇ ಇದ್ರೆ ಯಾರು ಕೇಳ್ತಾರೆ?" ಎಂದಳು ನಿವೀನ್.

ಅವಳ ಮಾತು ಸುಳ್ಳಾಗಿರಲಿಲ್ಲ. ಬೇರೆ ಮನೆಯವರೆಲ್ಲ ಒಪ್ಪಿದ್ದರು. ಸಿನಿಮಾದ ಕಥೆಯಲ್ಲಿ ಹೆಸರುಗಳು ಬೇರೆ, ದೋಣಿಯೂ ಬೇರೆ. ಆದರೆ ಅದರಲ್ಲಿನ ತಾಯಿ ಮಾತ್ರ, ದೇಹ ಸಿಗದ ಮಗನಿಗಾಗಿ ಬಹಳ ದಿನ ಕಾದು, ಕೊನೆಗೆ ಸೋತು ಸಮಾಧಾನದ ಮಾತು ಕೇಳಲು ಕೂರುವವಳು. ಕಥೆ ಮುಗಿಯುವುದೇ ಅಲ್ಲಿ.

"ಇಂತಿಸಾರ್‌ಗೆ ಹೇಳಿದ್ದೀಯಾ?" ಎಂದು ಕೇಳಿದೆ.

"ಹೇಗೆ ಹೇಳಲಿ ಅಬ್ಲಾ? ಹೇಳಿದ್ರೆ ಅವರ ಮಗ ಸತ್ತಿದ್ದಾನೆ ಅಂತ ನಾನೇ ಹೇಳಿದ ಹಾಗಲ್ವಾ?"

ಅದಕ್ಕೆ ನಾನು ಕೊಟ್ಟ ಉತ್ತರ ಇದು: "ಗುರುವಾರ ಅವಳು ಮಗಳ ಮನೆಗೆ ದಮಿಯೆತ್ತಾಕ್ಕೆ ಹೋಗ್ತಾಳೆ. ಶುಕ್ರವಾರವೇ ಬರೋದು. ಆ ದೃಶ್ಯ ಗುರುವಾರ ಇಟ್ಟುಕೋ."

ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ನಡುಮನೆಯನ್ನು ಬಿಟ್ಟುಕೊಟ್ಟೆ. ನೀಲಿ ಅಂಚಿನ ಕಾಫಿ ಕಪ್ಪುಗಳನ್ನು ಕಪಾಟಿನಿಂದ ಇಳಿಸಿ ತೊಳೆದೆ. ಹೆಂಗಸರು ಎಲ್ಲಿ ಕೂರುತ್ತಾರೆ, ಯಾರು ಮೊದಲು ಏಳುತ್ತಾರೆ ಎಂದೆಲ್ಲ ಹೇಳಿಕೊಟ್ಟೆ. ನಿವೀನ್‌ಳ ಕಡೆಯವರು ತಟ್ಟೆಯಲ್ಲಿ ಸಕ್ಕರೆ ಡಬ್ಬಿ ಇಟ್ಟಿದ್ದರು. ಅದನ್ನು ತೆಗೆಸಿ ಅಡುಗೆಮನೆಗೆ ಕಳಿಸಿದೆ. "ಸಾವಿನ ಮನೇಲಿ ಸಕ್ಕರೆ ಇಡ್ತಾರೇನಮ್ಮಾ?" ಎಂದು ನಗುತ್ತಾ ಗದರಿದೆ. ಬಹಳ ದಿನಗಳ ನಂತರ ಯಾರೋ ನನ್ನ ಮಾತನ್ನು ಗಮನವಿಟ್ಟು ಕೇಳುತ್ತಿದ್ದರು. ಹಿತವೆನಿಸುತ್ತಿತ್ತು.

ಗುರುವಾರ ಸಂಜೆ ನನ್ನ ಬಾಗಿಲ ಮುಂದೆ ಶಾಮಿಯಾನ ಎದ್ದಿತು. ಓಣಿಯ ಗಂಡಸರು ಹೊರಗೆ ಸಾಲು ಕುರ್ಚಿಗಳಲ್ಲಿ ಕೂತರು, ಝಕಿಯೂ ಅವರ ನಡುವೆ ಇದ್ದ. ಹೆಂಗಸರು ಕಪ್ಪು ಉಟ್ಟು ಒಳಗೆ ಬಂದರು. ಮೀನು ಮಾರುವ ಫಿಕ್ರಿಯ್ಯಾ ತುಟಿಗೆ ಹಚ್ಚಿದ್ದ ಬಣ್ಣವನ್ನು ನಿವೀನ್ ಒರೆಸಬೇಕಾಯಿತು.

"ಅಳೋದಕ್ಕೆ ದುಡ್ಡು ಕೊಡ್ತಾರಂತೆ ಕಣ್ರೇ! ನನ್ನ ಗಂಡ ಸತ್ತಾಗ ಮೂರು ದಿನ ಪುಕ್ಸಟ್ಟೆ ಅತ್ತೆ," ಎಂದಳು ಫಿಕ್ರಿಯ್ಯಾ.

"ನೀನೆಲ್ಲಿ ಅತ್ತೆ? ಬಂದವರ ಊಟ ಎಣಿಸ್ತಾ ಕೂತಿದ್ದೆ," ಎಂದಳು ಪಕ್ಕದವಳು.

ತಾಯಿಯ ಪಾತ್ರ ವಿದಾದ್ ಎಂಬ ನಟಿಯದು. ನನ್ನದೇ ವಯಸ್ಸಿನ ಹತ್ತಿರದವಳು, ಮೆಲುಮಾತಿನವಳು. ಬಂದವಳೇ ಕಪ್ಪುಗಳನ್ನು ಒರೆಸಲು ಕೈ ಹಾಕಿದ್ದಳು.

ಅಭ್ಯಾಸ ಮಾಡುವಾಗ ಹೆಂಗಸರ ನಗೆ ನಿಂತಿತು. ವಿದಾದ್‌ಳ ಕೈ ಹಿಡಿದು "ದೇವರು ಅವನಿಗೆ ಕರುಣೆ ತೋರಲಿ" ಎನ್ನಬೇಕು. ಯಾರ ಬಾಯಿಂದಲೂ ಹೊರಡಲಿಲ್ಲ. ಆಗ ನಾನೇ ಮುಂದೆ ಹೋದೆ. ಪಾಠ ಓದಿ ತೋರಿಸುವ ಹಾಗೆ, ಸ್ಪಷ್ಟವಾಗಿ, ಮೊದಲು ನಾನೇ ಹೇಳಿ ತೋರಿಸಿದೆ. ಆಮೇಲೆ ಎಲ್ಲರಿಗೂ ಬಂತು. ಫಿಕ್ರಿಯ್ಯಾ ಹೇಳುತ್ತಾ ನಿಜವಾಗಿಯೇ ಬಿಕ್ಕಿದಳು; ಕಥೆಯ ಹುಡುಗನ ಹೆಸರಿನ ಬದಲು "ಶಿಹಾಬ್" ಎಂದುಬಿಟ್ಟಳು. ಯಾರೂ ತಿದ್ದಲಿಲ್ಲ. ಇಷ್ಟು ದಿನ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು ಅದು. ಹೊರಗೆ ಬಿಟ್ಟಾಗ ಎಲ್ಲರಿಗೂ ಹಗುರವಾದದ್ದು ಮುಖದಲ್ಲೇ ಕಾಣುತ್ತಿತ್ತು.

ಚಿತ್ರೀಕರಣ ಶುರುವಾದಾಗ ಕ್ಯಾಮೆರಾ ನನ್ನ ಮಲಗುವ ಕೋಣೆಯ ಪರದೆಯ ಹಿಂದಿತ್ತು. "ನಾನು ನಿಲ್ಲಿಸಿ ಅನ್ನೋವರೆಗೂ ಏನೇ ಆದ್ರೂ ಮುಂದುವರಿಸಿ," ಎಂದಿದ್ದಳು ನಿವೀನ್. ನಾನು ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದೆ.

ಆಗ ಇಂತಿಸಾರ್ ಬಂದಳು. ಮಗಳ ಮಾವನ ಕಡೆಯ ನೆಂಟರು ಬಂದದ್ದರಿಂದ ಒಂದು ದಿನ ಮೊದಲೇ ಹೊರಟು ಬಂದಿದ್ದಳು. ಓಣಿಯ ತುದಿಯಲ್ಲಿ ವ್ಯಾನಿನಿಂದ ಇಳಿದವಳಿಗೆ ಕಂಡದ್ದು ನನ್ನ ಬಾಗಿಲ ಮುಂದಿನ ಶಾಮಿಯಾನ, ಕೇಳಿಸಿದ್ದು ಕುರಾನ್ ಪಠಣ. ನನ್ನ ಮನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅವಳು ಓಡಿಯೇ ಬಂದಿರಬೇಕು. ಗಂಡಸರ ಸಾಲಿನ ನಡುವೆ ಹಾದು ಬಂದಳಂತೆ. ತಲೆ ಎತ್ತಿ ನೋಡುವ ಧೈರ್ಯ ಒಬ್ಬರಿಗೂ ಬರಲಿಲ್ಲವಂತೆ.

"ಅಬ್ಲಾ! ಅಯ್ಯೋ ನಮ್ಮ ಅಬ್ಲಾ!" ಎಂಬ ಕೂಗು ನನಗೆ ಅಡುಗೆಮನೆಯಲ್ಲಿ ಕೇಳಿಸಿತು. ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದೆ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನಡುವೆ ಕೂತಿದ್ದ ಅಪರಿಚಿತ ಹೆಂಗಸು ಕೈರೋದಲ್ಲಿರುವ ನನ್ನ ತಂಗಿ ಎಂದುಕೊಂಡು ಅವಳ ಮುಂದೆ ಮೊಣಕಾಲೂರಿದ್ದಳು.

"ಅಬ್ಲಾ ನನಗೂ ಅಕ್ಕನ ಹಾಗಿದ್ರು ತಾಯಿ. ಅವರ ಉಳಿದ ಆಯಸ್ಸು ನಿಮಗೆ ಸೇರಲಿ."

ವಿದಾದ್‌ಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಓಣಿಯ ಇನ್ನೊಬ್ಬ ಹೆಂಗಸು, ಮಾತು ತಪ್ಪಿ ಹೇಳುತ್ತಿದ್ದಾಳೆ ಎಂದುಕೊಂಡು ಪಾತ್ರವನ್ನು ಮುಂದುವರಿಸಿದಳು.

"ನನ್ನ ಮಗ," ಎಂದಳು. "ಹೋದದ್ದು ನನ್ನ ಮಗ."

"ಮಗನಾ? ಅಬ್ಲಾ ಅಲ್ವಾ?" ಇಂತಿಸಾರ್ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅಬ್ಲಾ ಅಲ್ಲವೆಂದು ಸಂತೋಷಪಟ್ಟದ್ದಕ್ಕೆ ತಕ್ಷಣ ನಾಚಿಕೊಂಡವಳಂತೆ ವಿದಾದ್‌ಳ ಎರಡೂ ಕೈಗಳನ್ನು ಹಿಡಿದಳು. "ಕ್ಷಮಿಸು ತಾಯಿ. ಏನಾಗಿತ್ತು?"

"ಸಮುದ್ರ."

ನಾನು ಕೂಗಬೇಕಿತ್ತು. ತಟ್ಟೆ ಕೆಳಗೆ ಹಾಕಿದ್ದರೂ ಸಾಕಿತ್ತು.

"ಸಿಕ್ಕಿದನಾ?" ಎಂದು ಕೇಳಿದಳು ಇಂತಿಸಾರ್, ಬಹಳ ಮೆತ್ತಗೆ.

"ಇಲ್ಲ."

"ಸಿಗಲಿಲ್ವಾ?" ಅವಳು ಆ ಕೈಗಳನ್ನು ಬಿಡಲಿಲ್ಲ. "ಮತ್ತೆ ಯಾಕೆ ಕೂತೆ? ಯಾರು ನಿನ್ನನ್ನ ಇಲ್ಲಿ ಕೂರಿಸಿದ್ದು?"

ವಿದಾದ್‌ಳ ದೃಷ್ಟಿ ಸಹಾಯಕ್ಕೆಂಬಂತೆ ನನ್ನ ಕಡೆ ಹೊರಳಿತು. ಇಂತಿಸಾರ್ ತಿರುಗಿದಳು.

"ಅಬ್ಲಾ! ಚೆನ್ನಾಗಿದ್ದೀರಾ!" ಅವಳ ಮುಖ ಅರಳಿತು. ಆ ಮುಖವನ್ನು ನಾನು ಮರೆಯಲಾರೆ. ಎದ್ದು ನನ್ನತ್ತ ಬರುತ್ತಾ ಅವಳು ತಟ್ಟೆಯನ್ನು ನೋಡಿದಳು, ಕಪ್ಪುಗಳನ್ನು ನೋಡಿದಳು, ಗೋಡೆಗೆ ಒರಗಿ ತಲೆ ತಗ್ಗಿಸಿದ್ದ ಫಿಕ್ರಿಯ್ಯಾಳನ್ನು, ಉಳಿದ ನೆರೆಯವರನ್ನು ನೋಡಿದಳು. ಕೊನೆಗೆ ಪರದೆಯ ಸಂದಿನ ಗಾಜಿನ ಕಣ್ಣನ್ನು. ತಟ್ಟೆಯಿಂದ ಒಂದು ಕಪ್ಪು ಎತ್ತಿ ತುಟಿಗೆ ಮುಟ್ಟಿಸಿದಳು.

"ಸಕ್ಕರೆ ಹಾಕಿಲ್ಲ," ಎಂದಳು.

ಕಪ್ಪನ್ನು ತಟ್ಟೆಯಲ್ಲಿಟ್ಟು ಹೊರಟುಹೋದಳು. ವಿದಾದ್‌ಳ ಕಾಲ ಬಳಿ ಒಂದು ಪೊಟ್ಟಣ ಉಳಿದಿತ್ತು. ದಮಿಯೆತ್ತಾದ ಮುಶಬ್ಬಕ್, ಪಾಕ ಒಸರುವ ಸಿಹಿ. ಪ್ರತಿ ಸಲ ಅಲ್ಲಿಂದ ಬರುವಾಗ ಅವಳು ನನಗೆ ತರುವಂಥದ್ದು.

ಓಣಿಯವರು ಯಾರೂ ಯಾರ ಮುಖವನ್ನೂ ನೋಡದೆ ಮನೆಗಳಿಗೆ ಹೋದರು. ದುಡ್ಡು ಕೇಳಲು ಯಾರೂ ನಿಲ್ಲಲಿಲ್ಲ, ಫಿಕ್ರಿಯ್ಯಾ ಕೂಡ. ನಿವೀನ್ ನನ್ನ ಮಂಚದ ಮೇಲೆ ಕೂತು ಅಳುತ್ತಿದ್ದಳು.

"ಅಬ್ಲಾ, ಇಡೀ ಸಿನಿಮಾದಲ್ಲಿ ನಿಜವಾದದ್ದು ಅಂತ ಇದ್ರೆ ಅದೊಂದೇ. ಇಂಥಾ ಮಾತು ಯಾರಿಗೂ ಬರೆಯೋಕೆ ಬರಲ್ಲ. ನೀವು ಅವರನ್ನ ಒಂದು ಮಾತು ಕೇಳಿ ನೋಡಿ. ಒಪ್ಪಿದ್ರೆ ಮಾತ್ರ ಇಟ್ಟುಕೊಳ್ತೀನಿ."

"ಅವಳು ನನ್ನನ್ನ ನಿಜವಾದ ತಾಯಿ ಅಂತ ನಂಬಿ ಕೇಳಿದ್ದು," ಎಂದಳು ವಿದಾದ್. ಕಪ್ಪು ಬಟ್ಟೆಯಲ್ಲೇ ನನ್ನ ಕಪ್ಪುಗಳನ್ನು ತೊಳೆಯುತ್ತಿದ್ದಳು. "ಅಳಿಸು ನಿವೀನ್. ನಾನಿಲ್ಲೇ ನಿಂತು ನೋಡ್ತೀನಿ."

"ಕೇಳದೆ ತೆಗೆದದ್ದಾಯ್ತು. ಈಗ ಕೇಳದೆ ಅಳಿಸೋದೂ ತಪ್ಪಲ್ವಾ?" ಎಂದಳು ಹುಡುಗಿ.

ಹಾಗಾಗಿ ಬೆಳಿಗ್ಗೆ ನಾನು ಹೋದೆ. ಕೈಯಲ್ಲಿ ಮುಶಬ್ಬಕ್ ಪೊಟ್ಟಣವಿತ್ತು. ಇಂತಿಸಾರ್ ಎಂದಿನ ಹಸಿರು ನಿಲುವಂಗಿಯಲ್ಲೇ ಬಾಗಿಲು ತೆರೆದಳು.

"ಅದು ನಿಮಗೇ ತಂದಿದ್ದು ಅಬ್ಲಾ. ವಾಪಸ್ ಯಾಕೆ ತಂದ್ರಿ? ಕೂತ್ಕೊಳ್ಳಿ."

ಟೀ ಮಾಡಿದಳು. ನನ್ನ ಲೋಟಕ್ಕೆ ಸಕ್ಕರೆ ಹಾಕಿ ಕಲಕಿದಳು. ಲೋಟ ಕೊಡುವ ಮೊದಲು ಕೇಳಿದಳು:

"ಆ ಹೆಂಗಸಿಗೆ ನೀವೂ ಆ ಮಾತು ಹೇಳಿದ್ರಾ?"

"ಹೇಳಿದೆ."

"ಎಲ್ರೂ?"

"ಎಲ್ಲರೂ. ಮೊದಲು ಹೇಳಿದ್ದು ನಾನು."

ಅವಳು ಟೀಯನ್ನು ಇನ್ನೊಮ್ಮೆ ಕಲಕಿದಳು. "ಬಾಯಿಗೆ ಸಲೀಸಾಗಿ ಬಂತಾ ಅಬ್ಲಾ?"

ಸುಳ್ಳು ಹೇಳಬಹುದಿತ್ತು. ಇಷ್ಟು ದಿನ ನಾವೆಲ್ಲ ಸೇರಿ ಅವಳಿಗೆ ಹೇಳಿದ್ದ ಒಳ್ಳೆಯ ಸುಳ್ಳಿನ ಜೊತೆ ಇನ್ನೊಂದು ಸೇರುತ್ತಿತ್ತು.

"ಬಂತು," ಎಂದೆ.

ಅವಳು ತಲೆಯಾಡಿಸಿ ಲೋಟವನ್ನು ನನ್ನ ಕೈಗಿಟ್ಟಳು. ನಿವೀನ್ ಕೇಳಲು ಕಳಿಸಿದ್ದನ್ನು ನಾನು ಕೇಳಲಿಲ್ಲ. ಅವಳಿಂದ ಇನ್ನೊಂದನ್ನು ಪಡೆಯಲು ಬಾಯಿ ತೆರೆಯುವುದು ನನ್ನಿಂದಾಗಲಿಲ್ಲ. ಆ ಮಧ್ಯಾಹ್ನ ನಿವೀನ್‌ಗೆ ಇದ್ದದ್ದನ್ನೇ ಹೇಳಿದೆ: ಕೇಳಲಾಗಲಿಲ್ಲ, ಆ ಮನೆಗೆ ಇನ್ನೊಬ್ಬರು ಹೋಗಿ ಕೇಳುವುದೂ ಬೇಡ. ಅವಳು ಬಹಳ ಹೊತ್ತು ಯೋಚಿಸಿ, ವಿದಾದ್‌ಳ ಎದುರಿಗೇ ಅದನ್ನು ಅಳಿಸಿದಳು. ಸಿನಿಮಾ ಹೇಗೆ ಮುಗಿಯುತ್ತದೋ ನನಗೆ ಗೊತ್ತಿಲ್ಲ. ಮಾಲೀಕನ ಹೊಸ ದೋಣಿ ಇನ್ನೂ ಕಾಲುವೆಯಲ್ಲಿ ತೇಲುತ್ತಿದೆ. ಅದನ್ನು ನೋಡಿದಾಗ ಆ ಹುಡುಗಿಯ ಸಿಟ್ಟು ನ್ಯಾಯವೆಂದೇ ಅನಿಸುತ್ತದೆ.

ಆ ಬೆಳಿಗ್ಗೆ ಟೀ ಕುಡಿದ ಮೇಲೆ ಇಂತಿಸಾರ್ ರೊಟ್ಟಿಗೆ ಹೊರಟಳು. ನಾನೂ ಜೊತೆಗೆ ನಡೆದೆ. ಬೇಕರಿಯವನು ರೊಟ್ಟಿ ಕಟ್ಟುತ್ತಾ ಒಮ್ಮೆ ಅವಳನ್ನು ನೋಡಿ, ಏನೂ ಕೇಳದೆ ಪೊಟ್ಟಣ ಮುಂದೆ ಸರಿಸಿದ. ಇಬ್ಬರಿಗಾಗುವಷ್ಟೇ ಇತ್ತು, ಆದರೆ ಅವನು ಕೇಳಲಿಲ್ಲ.

ಝಕಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ನಮ್ಮನ್ನು ಕಂಡು ಅವನ ಕತ್ತರಿ ಅಭ್ಯಾಸದಂತೆ ಮೇಲೆದ್ದಿತು. ಬಾಯಿ ತೆರೆದ. ನಿನ್ನೆ ಶಾಮಿಯಾನದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದವನು ಅವನು. ಬಾಯಿ ಮುಚ್ಚಿ, ಕತ್ತರಿಯನ್ನು ಅಂಗಿಗೆ ಒರೆಸತೊಡಗಿದ.

ಇಂತಿಸಾರ್ ನಿಂತಳು.

"ಏನೋ ಝಕಿ, ನಾಲಿಗೆ ಬಿದ್ದುಹೋಯ್ತಾ? ಅವನು ಬಂದ್ರೆ ಮೊದಲು ನಿನ್ ಹತ್ರಾನೇ ಕಳಿಸ್ತೀನಿ ಕಣೋ. ತಲೆ ಕಾಡಾಗಿರುತ್ತೆ."

"ಕಳ್ಸಿ ಉಮ್ ಶಿಹಾಬ್," ಎಂದ ಝಕಿ. ಕತ್ತರಿಯನ್ನು ಮೇಲೆತ್ತಲಿಲ್ಲ. "ಕಳ್ಸಿ."

ಅವಳು ಮುಂದೆ ನಡೆದಳು. ನಾನು ಅವಳ ಪಕ್ಕದಲ್ಲಿ ನಡೆಯಲಾಗದೆ ಎರಡು ಹೆಜ್ಜೆ ಹಿಂದೆ ಉಳಿದೆ.